ನಾಲ್ಕನೆಯ ಹಗ್ಗ

"ಇನ್ನು ಕಾಯೋದು ಬೇಡ ಕ್ಲೆಮ್. ಅವಳು ಬರಲ್ಲ," ಎಂದಳು ಥೆಲ್ಮಾ.

ಕ್ಲೆಮ್ ಸ್ನೀತ್ ಕೈಗಡಿಯಾರ ನೋಡಿಕೊಂಡ. ಏಳೂ ಮುಕ್ಕಾಲು. ಗಾಸ್‌ಬಿ ಊರಿನ ಚರ್ಚಿನ ಗೋಪುರದಲ್ಲಿ ಗುರುವಾರದ ಗಂಟೆ ಅಭ್ಯಾಸ ಏಳೂವರೆಗೆ ಶುರುವಾಗಬೇಕು ಎಂದರೆ ಏಳೂವರೆಗೇ. ತಡವಾಗಿ ಬಂದವರಿಗೆ ಕ್ಲೆಮ್ ನಲವತ್ತು ವರ್ಷದಿಂದ ಮುಖ ಸಿಂಡರಿಸುತ್ತ ಬಂದಿದ್ದಾನೆ. ಚಾವಣಿಯ ಆರು ತೂತುಗಳಿಂದ ಆರು ಹಗ್ಗ ಇಳಿಬಿದ್ದಿದ್ದವು. ಐದು ಹಗ್ಗಗಳ ಮುಂದೆ ಐದು ಜನ ನಿಂತಿದ್ದರು. ನಾಲ್ಕನೆಯದರ ಕೆಳಗೆ ಹಸಿರು ಬಣ್ಣದ ಮರದ ಪೆಟ್ಟಿಗೆ ಮಾತ್ರ ಇತ್ತು.

"ಬಸ್ಸು ತಡ ಆಗಿರಬಹುದು."

"ಅವಳು ಬರೋದು ಸೈಕಲ್ಲಲ್ಲಿ ಕಣಯ್ಯ."

ಉಳಿದ ಮೂವರು ನೆಲ ನೋಡುತ್ತ ನಿಂತರು. ಥೆಲ್ಮಾ ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾದವಳು. ಒಂದನೆಯ ಗಂಟೆ ಅವಳದು, ಮೊದಲ ಮಾತೂ ಸಾಮಾನ್ಯವಾಗಿ ಅವಳದೇ. "ಹೋದ ಗುರುವಾರಾನೂ ಹೀಗೇ ಕಾಯಿಸಿದೆ. ಊರ ಹಾಲ್‌ನಲ್ಲಿ ಅಷ್ಟೊಂದು ಮಾತಾಡ್ದೋನು, ಅವಳ ಮನೆ ಬಾಗಿಲಿಗೆ ಹೋಗಿ ಎರಡು ಮಾತಾಡೋಕೆ ನಾಲಿಗೆ ಬರಲ್ವಾ ನಿಂಗೆ?"

ಕ್ಲೆಮ್ ಕಿಟಕಿಯ ಕಡೆ ತಿರುಗಿದ. ಅಭ್ಯಾಸ ಇವತ್ತಿಗೆ ಬೇಡ ಎಂದ. ಗೋಪುರದ ಕಿಟಕಿಯಿಂದ ನೋಡಿದರೆ ಎದುರಿನ ಹಾಲ್‌ನ ಬಾಗಿಲಲ್ಲಿ ಜನ ಇನ್ನೂ ಮತ ಹಾಕಲು ಒಬ್ಬೊಬ್ಬರಾಗಿ ಹೋಗುತ್ತಿದ್ದರು. ಯುರೋಪಿನ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಎಂದು ದೇಶಕ್ಕೆ ದೇಶವೇ ಆ ದಿನ ಪೆನ್ಸಿಲಿನಿಂದ ಗುರುತು ಹಾಕುತ್ತಿತ್ತು. ಕ್ಲೆಮ್ ಬೆಳಗ್ಗೆ ಏಳಕ್ಕೇ ಹೋಗಿ ಬಿಡಬೇಕೆಂದು ಹಾಕಿ ಬಂದಿದ್ದ. ಪೆನ್ಸಿಲು ಹಿಡಿದು ಒಂದು ಗಳಿಗೆ ನಿಂತದ್ದು ನಿಜ. ಆದರೆ ಇಪ್ಪತ್ತು ವರ್ಷದಿಂದ ಅಂದುಕೊಂಡದ್ದನ್ನೇ ಹಾಕಿದ್ದ, ಅದರಲ್ಲಿ ಅವನಿಗೆ ನಾಚಿಕೆಯೇನೂ ಇರಲಿಲ್ಲ. ಅವನನ್ನು ಕೊರೆಯುತ್ತಿದ್ದುದು ಬೇರೆ.

ಹಿಂದಿನ ವಾರ, ಸೋಮವಾರ ಸಂಜೆ, ಅದೇ ಹಾಲ್‌ನಲ್ಲಿ ಚರ್ಚೆ ಇಟ್ಟಿದ್ದರು. ಇರೋಣ ಎನ್ನುವವರು ಎಡಕ್ಕೆ, ಬಿಡೋಣ ಎನ್ನುವವರು ಬಲಕ್ಕೆ. ಹೀಗೆ ಕೂರಿ ಎಂದು ಯಾರೂ ಹೇಳಿರಲಿಲ್ಲ, ಮದುವೆಯ ಎರಡು ಕಡೆಯವರ ಹಾಗೆ ತಾವೇ ಕೂತರು. ಲಿಂಕನ್ ಪಟ್ಟಣದಿಂದ ಬಂದ ಒಬ್ಬ ಮೇಷ್ಟ್ರಮ್ಮ ನಕ್ಷೆ ತೋರಿಸಿ ಇರೋಣ ಎಂದಳು. ಟ್ರ್ಯಾಕ್ಟರ್ ಮಾರುವ ರಾಯ್‌ಸ್ಟನ್ ಪೆಲ್, ಬಿಡೋಣ ಬಣದ ಮುಖಂಡ, ನಕ್ಷೆಯಿಲ್ಲದೆ ಮೇಜು ಗುದ್ದಿ ಮಾತಾಡಿದ. ಆಮೇಲೆ ಊರವರಿಗೆ ಮಾತಾಡಲು ಬಿಟ್ಟರು.

ಕ್ಲೆಮ್ ಜನ್ಮದಲ್ಲಿ ಸಭೆಯಲ್ಲಿ ಬಾಯಿ ತೆರೆದವನಲ್ಲ. ಗೋಪುರದಲ್ಲಿ ಅವನು ಕೂಗುವುದು ಎರಡೇ: ಎಳೆಯುವ ಮುಂಚೆ "ಸಿದ್ಧ!", ಕೊನೆಗೆ "ನಿಲ್ಲಿ!". ಹೆಂಡತಿ ಅವಿಸ್ ಹೋದ ಮೇಲೆ ಮನೆಯಲ್ಲಿ ಅಷ್ಟೂ ಬೇಕಾಗಿರಲಿಲ್ಲ. ಅಂಥವನು ಅವತ್ತು ಯಾಕೆ ಎದ್ದನೋ ಅವನಿಗೇ ಗೊತ್ತಿಲ್ಲ. ಎದ್ದ.

"ಡಾಕ್ಟರನ್ನ ನೋಡ್ಬೇಕಂದ್ರೆ ಮೂರು ವಾರ. ಅಂಗಡಿಲಿ ಸಾಲಲ್ಲಿ ನಿಂತ್ರೆ ಹಿಂದೆ ಮುಂದೆ ಹೊರದೇಶದೋರು ಏನು ಮಾತಾಡ್ತಾವ್ರೆ ಒಂದೂ ಅರ್ಥ ಆಗಲ್ಲ. ನನ್ನೂರಲ್ಲಿ ನಾನೇ ನೆಂಟ ಆಗೋದೆ. ಅವರು ಬರೋಕ್ ಮುಂಚೆ ನಾವು ಬದುಕಿರಲಿಲ್ವಾ? ಕೋಸು ಬೆಳೀಲಿಲ್ವಾ, ಕೀಳಲಿಲ್ವಾ? ಅವರಿಲ್ದೆ ನಾವು ಮಾಡ್ಕೊಂಡು ಹೋಗ್ತೀವಿ!"

ಬಲಗಡೆಯವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಕ್ಲೆಮ್‌ಗೆ ಯಾರೂ ಯಾವತ್ತೂ ಚಪ್ಪಾಳೆ ತಟ್ಟಿರಲಿಲ್ಲ. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಅದು ಹೆಂಡದ ಹಾಗೆ ಏರಿತು. ರಾಯ್‌ಸ್ಟನ್ "ಗೆದ್ರೆ ಗಂಟೆ ಹೊಡೀತೀಯೇನಯ್ಯ?" ಎಂದು ಕೂಗಿದ. "ಹೊಡೀತೀವಿ! ಆರಕ್ಕೆ ಆರೂ!" ಎಂದು ಇವನೂ ಕೂಗಿದ.

ಆಮೇಲೆ ಚಹಾ. ಹಾಲ್‌ನಲ್ಲಿ ಏನೇ ನಡೆದರೂ ಚಹಾ ಕೊಡುವುದು ಗಂಟೆ ಬಾರಿಸುವವರ ಕೆಲಸ, ಅವತ್ತು ನಾಲ್ಕನೆಯ ಹಗ್ಗದ ರಮುನೆಯ ಪಾಳಿ. ಸಭೆ ಮುಗಿಯುವವರೆಗೂ ಅವಳು ಹಿಂದುಗಡೆ ಬಿಸಿನೀರಿನ ಡಬರಿಯ ಪಕ್ಕದಲ್ಲೇ ನಿಂತಿದ್ದಳು. ಕ್ಲೆಮ್‌ಗೆ ಎರಡು ಚಮಚ ಸಕ್ಕರೆ ಹಾಕಿ ಕೊಟ್ಟಳು. ಕೈಗೆ ಕೊಡಲಿಲ್ಲ, ಮೇಜಿನ ಮೇಲಿಟ್ಟಳು.

"ಗುರುವಾರ ಸಿಗೋಣ," ಎಂದ ಕ್ಲೆಮ್, ಮುಖವೆಲ್ಲ ಕೆಂಪಾಗಿ, ಖುಷಿಯಲ್ಲಿ.

"ನೋಡೋಣ," ಎಂದಳು ಅವಳು.

ಅವನಿಗೆ ಅದು ಹೊಳೆದದ್ದು ಮನೆಗೆ ಹೋಗಿ ಬೂಟು ಬಿಚ್ಚುವಾಗ. ರಮುನೆ ಅದೇ ಒಕ್ಕೂಟದ ಲಿಥುವೇನಿಯಾ ದೇಶದವಳು. ಎಂಟು ವರ್ಷದಿಂದ ಊರಾಚೆಯ ಶೆಡ್ಡಿನಲ್ಲಿ ಹೂಕೋಸು ಪ್ಯಾಕ್ ಮಾಡುತ್ತಿದ್ದವಳು. ಅವರು, ಅವರು ಎಂದು ಅಷ್ಟು ಸಲ ಕೂಗುವಾಗ ಅವನ ಕಣ್ಣ ಮುಂದೆ ಯಾರ್ಯಾರೋ ಇದ್ದರು, ಅವಳು ಇರಲಿಲ್ಲ. ಅವಳು ಅವನ ಲೆಕ್ಕದಲ್ಲಿ ನಾಲ್ಕನೆಯ ಗಂಟೆ.

ನಾಲ್ಕು ಮೊದಲು ಅವಿಸ್‌ಳದಾಗಿತ್ತು. ಅವಳನ್ನು ಮಣ್ಣು ಮಾಡಿದ ಮೇಲೆ ಏಳು ತಿಂಗಳು ಕ್ಲೆಮ್ ಆ ಹಗ್ಗ ಮುಟ್ಟಲು ಯಾರಿಗೂ ಬಿಡಲಿಲ್ಲ. ಆದರೆ ಭಾನುವಾರ ಗಂಟೆ ನಿಲ್ಲುವಂತಿಲ್ಲ. ಇಂಥ ಹೊತ್ತಿಗೆ ಗಂಟೆಯವರಲ್ಲಿ ಒಂದು ಉಪಾಯವಿದೆ: ಒಬ್ಬರು ಕಡಿಮೆಯಾದರೆ ಜಾಗ ಬದಲಾಯಿಸಿಕೊಂಡು, ತುದಿಯ ಒಂದು ಗಂಟೆಯನ್ನು ಬಿಟ್ಟು, ಸಾಲಾಗಿ ಐದನ್ನೇ ಬಾರಿಸುವುದು. ಕೇಳುವವರಿಗೆ ಕೊರತೆ ತಿಳಿಯುವುದಿಲ್ಲ. ಆ ಉಪಾಯಕ್ಕೆ ಕ್ಲೆಮ್ ಒಪ್ಪಿದ್ದು ಒಂದೇ ಸಲ, ಅವಿಸ್‌ಳ ಶವಸಂಸ್ಕಾರದ ದಿನ. ಅಕ್ಕಪಕ್ಕದ ಊರಿನವರೆಲ್ಲ ಬರುತ್ತಾರೆಂದು ಪಾದ್ರಿಗಳು ಕೇಳಿಕೊಂಡಾಗ, ಥೆಲ್ಮಾ ನಾಲ್ಕನ್ನು ಎಳೆದಳು, ಒಂದನೆಯದು ಸುಮ್ಮನಿತ್ತು. ಹೊರಗೆ ಬಂದವನಿಗೆ ಊರವರು ಎಷ್ಟು ಚೆನ್ನಾಗಿ ಹೊಡೆದಿರಪ್ಪ ಎಂದರು. ಅವಿಸ್ ಇಲ್ಲದ್ದು ಯಾರ ಕಿವಿಗೂ ಬೀಳಲಿಲ್ಲ. ಅದೊಂದು ಅವನ ಎದೆಯಲ್ಲಿ ಮುಳ್ಳಿನಂತೆ ಉಳಿದುಹೋಯಿತು. ಆಮೇಲಿನ ಏಳು ತಿಂಗಳು ನಾಲ್ಕನ್ನು ಮುಟ್ಟದೆ, ಸಾಲಾಗಿ ಉಳಿದ ಮೊದಲ ಮೂರು ಗಂಟೆಯಲ್ಲೇ ಕಾಲ ತಳ್ಳಿದ.

ಒಂದು ಗುರುವಾರ ಗೋಪುರದ ಮೆಟ್ಟಿಲು ಹತ್ತಿ ಈ ಗಿಡ್ಡ ಹೆಂಗಸು ಬಂದಳು. ತನ್ನ ಕೋಣೆಗೆ ಗಂಟೆ ಕೇಳಿಸುತ್ತದೆ, ಈಚೆಗೆ ಮೂರೇ ಕೇಳಿಸುತ್ತಿವೆ, ಉಳಿದವು ಕೆಟ್ಟಿವೆಯಾ ಎಂದು ಕೇಳಿದಳು. ಇಡೀ ಊರಿನಲ್ಲಿ ಹಾಗೆ ಕೇಳಿದವಳು ಅವಳೊಬ್ಬಳೇ. ಗಂಟೆಯ ನಾಲಿಗೆ ಕಟ್ಟಿ, ಸದ್ದಾಗದಂತೆ, ಕ್ಲೆಮ್ ಆರು ವಾರ ಅವಳಿಗೆ ಹಗ್ಗ ಎಳೆಯುವುದು ಕಲಿಸಿದ. ಎತ್ತರ ಸಾಲದೆಂದು ಸೇಬಿನ ಪೆಟ್ಟಿಗೆ ಒಡೆದು ನಿಲ್ಲಲು ಹಸಿರು ಪೆಟ್ಟಿಗೆ ಮಾಡಿಕೊಟ್ಟ. ಆಮೇಲಿನ ಮೂರು ವರ್ಷ ಪ್ರತಿ ಗುರುವಾರ ಅಭ್ಯಾಸ ಮುಗಿದ ಮೇಲೆ ಇಬ್ಬರೂ ಚರ್ಚಿನ ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತು, ಅವಳು ತಂದ ಕಪ್ಪು ಬ್ರೆಡ್ಡು, ಇವನು ತಂದ ಹಂದಿಮಾಂಸದ ಕಡುಬು ಹಂಚಿಕೊಂಡು ತಿನ್ನುತ್ತಿದ್ದರು. ವಾರದಲ್ಲಿ ಕ್ಲೆಮ್ ಬಾಯಿ ತುಂಬ ಮಾತಾಡುತ್ತಿದ್ದುದು ಆ ಅರ್ಧ ಗಂಟೆ. ಈಗ ಎರಡು ವಾರದಿಂದ ಅದೂ ಇಲ್ಲ. ಮನೆಯಲ್ಲಿ ಟಿ.ವಿ. ಒಂದೇ ಮಾತಾಡುತ್ತಿತ್ತು, ಅದು ಆಡುತ್ತಿದ್ದುದೂ ಇದೇ ಜಗಳ.

ಶುಕ್ರವಾರ ಬೆಳಗ್ಗೆ ಫಲಿತಾಂಶ ಬಂತು. ಬಿಡೋಣ ಎಂದವರು ಗೆದ್ದಿದ್ದರು. ಎಂಟು ಗಂಟೆಗೆ ರಾಯ್‌ಸ್ಟನ್ ಬಾಗಿಲು ಬಡಿದ.

"ನಾಳೆ ಬೆಳಗ್ಗೆ ಹನ್ನೊಂದಕ್ಕೆ. ಪಾದ್ರಿಗಳನ್ನ ಕೇಳ್ದೆ, ಕ್ಲೆಮ್‌ಗೆ ಬಿಟ್ಟಿದ್ದು ಅಂದ್ರು. ಎಲ್ಲಾ ಬಾವುಟ ಹಿಡ್ಕೊಂಡು ಬರ್ತಾವ್ರೆ. ಮಾತು ಕೊಟ್ಟಿದ್ದೀಯ!"

"ಕೊಟ್ಟಿದ್ದೀನಿ," ಎಂದ ಕ್ಲೆಮ್. ಗೆದ್ದ ಸಂತೋಷವನ್ನು ಅವನು ಎಲ್ಲೆಲ್ಲೋ ಹುಡುಕಿದ. ಸ್ವಲ್ಪ ಇತ್ತು ಕೂಡ. ಆದರೆ ಹಂಚಿಕೊಳ್ಳಲು ಜನವಿರಲಿಲ್ಲ.

ಸಂಜೆ ಐದಕ್ಕೆ ಬೂಟು ಒರೆಸಿ, ಶುದ್ಧವಾದ ಅಂಗಿ ಹಾಕಿಕೊಂಡು ರಮುನೆಯ ಮನೆಗೆ ಹೋದ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿದ. ನಿನ್ನನ್ನು ಅಂದದ್ದಲ್ಲ. ಅದು ಸರಿಯಿಲ್ಲ, ಅವಳನ್ನೂ ಸೇರಿಸಿಯೇ ಅಂದದ್ದಾಗಿತ್ತು. ತಪ್ಪಾಯ್ತು. ಅದು ಸರಿ, ಆದರೆ ಅವಿಸ್‌ಗೂ ಅವನು ಆ ಮಾತನ್ನು ನಲವತ್ತನಾಲ್ಕು ವರ್ಷದಲ್ಲಿ ಬಾಯಿಬಿಟ್ಟು ಹೇಳಿದವನಲ್ಲ; ಚಹಾ ಮಾಡಿ ಮುಂದಿಡುತ್ತಿದ್ದ, ಅವಳು ಅರ್ಥ ಮಾಡಿಕೊಳ್ಳುತ್ತಿದ್ದಳು.

ರಮುನೆ ಬಾಗಿಲು ತೆರೆದಳು. ಶೆಡ್ಡಿನಿಂದ ಆಗಷ್ಟೇ ಬಂದಿದ್ದಳು, ತಲೆಗೆ ಕಟ್ಟಿದ ನೀಲಿ ಜಾಲರಿ ಟೋಪಿ ಇನ್ನೂ ತೆಗೆದಿರಲಿಲ್ಲ. ಒಳಗೆ ಬನ್ನಿ ಎನ್ನಲಿಲ್ಲ.

"ಹೇಳಿ ಕ್ಲೆಮ್."

ಬಾಯಿಪಾಠ ಮಾಡಿದ್ದು ಒಂದೂ ಬರಲಿಲ್ಲ. ನಲವತ್ತು ವರ್ಷ ಬಾಯಿಗೆ ಬಂದ ಗಂಟೆಯ ಮಾತೇ ಬಂತು.

"ನಾಲ್ಕಕ್ಕೆ ಜನ ಇಲ್ಲ," ಎಂದ. "ನಾಳೆ ಹನ್ನೊಂದಕ್ಕೆ ಹೊಡೀಬೇಕು. ಆರೂ ಹೊಡೀತೀವಿ ಅಂತ ಹೇಳ್ಬಿಟ್ಟಿದ್ದೀನಿ. ನೀನು ಬಂದ್ರೆ..."

ರಮುನೆ ಅವನ ಮುಖವನ್ನೇ ನೋಡಿದಳು. ತಮಾಷೆಯೇ ಎಂದು ನೋಡಿದಳು. ಅಲ್ಲವೆಂದು ತಿಳಿದ ಮೇಲೆ ನಕ್ಕಳು, ಆದರೆ ಆ ನಗು ಬಹಳ ಹೊತ್ತು ಇರಲಿಲ್ಲ.

"ನಾಳೆ ಯಾಕೆ ಗಂಟೆ?"

ಕ್ಲೆಮ್ ಟೋಪಿಯನ್ನು ಕೈಯಲ್ಲಿ ತಿರುಗಿಸಿದ.

"ನನ್ನನ್ನ ಕಳಿಸೋದಕ್ಕೆ ನಾನೇ ಬಂದು ಗಂಟೆ ಹೊಡೀಬೇಕಾ, ಕ್ಲೆಮ್?"

"ನಿನ್ನನ್ನ ಯಾರೂ ಕಳಿಸಲ್ಲ ಕಣಮ್ಮ. ಅದು... ಅದು ಬೇರೆ ವಿಷಯ."

"ಇವತ್ತು ಶೆಡ್ಡಲ್ಲಿ ಮೇಸ್ತ್ರಿ ಕೇಳ್ದ, ಗಂಟುಮೂಟೆ ಕಟ್ಟಾಯ್ತಾ ಅಂತ. ತಮಾಷೆಗೆ ಕೇಳ್ದ. ಎಲ್ಲರೂ ನಕ್ರು, ನಾನೂ ನಕ್ಕೆ." ಅವಳು ಜಾಲರಿ ಟೋಪಿ ಎಳೆದು ತೆಗೆದಳು. "ಅವನು ಅಂದಿದ್ದು ನಂಗೆ ಏನೂ ಅನ್ನಿಸಲಿಲ್ಲ. ನೀವು ಹಾಲ್‌ನಲ್ಲಿ ಅಂದಿದ್ದು ಅನ್ನಿಸ್ತು. ನಿಮ್ಮ ಊರಲ್ಲಿ ನಂಗೆ ಇದ್ದಿದ್ದು ಆ ಹಸಿರು ಪೆಟ್ಟಿಗೆಯಷ್ಟು ಜಾಗ."

ಆಗಲಾದರೂ ಹೇಳಬಹುದಿತ್ತು. ಒಂದೇ ಪದ. ಅವನು ಅವಳ ಹೊಸ್ತಿಲ ಮೇಲಿನ ಸೈಕಲ್ ಪಂಪನ್ನು ನೋಡುತ್ತ ನಿಂತ. ರಮುನೆ ಒಳಗೆ ಹೋಗಿ ಬಂದು ಗೋಪುರದ ಬೀಗದ ಕೈಯನ್ನು ಅವನ ಅಂಗೈಗೆ ಹಾಕಿದಳು.

"ನಾನಿಲ್ದೆ ಮಾಡ್ಕೊಂಡು ಹೋಗಿ," ಎಂದಳು. ಕೋಪದಿಂದ ಹೇಳಲಿಲ್ಲ. ಬಾಗಿಲನ್ನೂ ಮೆಲ್ಲಗೇ ಹಾಕಿಕೊಂಡಳು.

ಶನಿವಾರ ಹತ್ತೂ ಮುಕ್ಕಾಲಿಗೆ ಚರ್ಚಿನ ಅಂಗಳದಲ್ಲಿ ನಲವತ್ತು ಐವತ್ತು ಜನ ಸೇರಿದ್ದರು. ಸಮಾಧಿಗಳ ನಡುವೆ ಬಾವುಟಗಳು, ಒಂದು ನಾಯಿಯ ಕೊರಳಿಗೂ ಬಾವುಟ. ಗೋಪುರದ ಕೋಣೆಯಲ್ಲಿ ಐವರೂ ಕೋಟು ತೆಗೆದು ಗೂಟಕ್ಕೆ ಸಿಕ್ಕಿಸಿದರು.

"ನಾನು ಇರೋಣ ಅಂತ ಹಾಕ್ದೋಳು, ಗೊತ್ತಲ್ಲ," ಎಂದಳು ಥೆಲ್ಮಾ. "ಬಂದಿರೋದು ರಾಯ್‌ಸ್ಟನ್‌ಗೋಸ್ಕರ ಅಲ್ಲ. ನೀನೊಬ್ಬನೇ ಇಲ್ಲಿ ನಿಂತಿರ್ತೀಯಲ್ಲ ಅಂತ ಬಂದೆ. ಹೋಗಿದ್ಯಾ ಅವಳ ಹತ್ರ?"

"ಹೋಗಿದ್ದೆ."

"ಏನಂದೆ?"

"ನಾಲ್ಕಕ್ಕೆ ಜನ ಇಲ್ಲ ಅಂದೆ."

ಥೆಲ್ಮಾ ಕಣ್ಣು ಮುಚ್ಚಿಕೊಂಡಳು. "ಅಯ್ಯೋ ದೇವರೇ," ಎಂದಳು. ಆಮೇಲೆ ಅವನ ಮುಖ ನೋಡಿ ಬೈಯಲು ಮನಸ್ಸಾಗದೆ ತನ್ನ ಹಗ್ಗ ಬಿಟ್ಟು ನಾಲ್ಕನೆಯದರ ಕಡೆ ನಡೆದಳು. "ಸರಿ. ನಾನು ಇದಕ್ಕೆ ಬರ್ತೀನಿ, ಒಂದನ್ನ ಬಿಡೋಣ. ಕೆಳಗಿರೋರಿಗೆ ಏನೂ ಗೊತ್ತಾಗಲ್ಲ."

ಅವಳು ಹಸಿರು ಪೆಟ್ಟಿಗೆಯನ್ನು ಕಾಲಿನಿಂದ ಬದಿಗೆ ಸರಿಸಲು ಹೋದಳು.

"ಅದನ್ನ ಮುಟ್ಟಬೇಡ," ಎಂದ ಕ್ಲೆಮ್.

"ಮತ್ತೆ?"

"ನಿನ್ನ ಜಾಗಕ್ಕೆ ಹೋಗು. ನಾಲ್ಕನ್ನ ಬಿಟ್ಟು ಹೊಡೆಯೋಣ. ಅದರ ಹೊತ್ತನ್ನ ಹಾಗೇ ಖಾಲಿ ಬಿಡಿ, ಯಾರೂ ಮುಂದಕ್ಕೆ ನುಗ್ಗಬೇಡಿ."

"ಹಲ್ಲು ಬಿದ್ದ ಬಾಯಿ ಥರ ಇರುತ್ತೆ ಕಣೋ! ಐದು ಮೈಲಿ ಕೇಳಿಸುತ್ತೆ."

"ಕೇಳಿಸ್ಲಿ."

ಥೆಲ್ಮಾ ಅವನನ್ನು ಒಂದು ಸಲ ದಿಟ್ಟಿಸಿ ನೋಡಿ, ತನ್ನ ಹಗ್ಗಕ್ಕೆ ಮರಳಿದಳು. ಹನ್ನೊಂದಾಯಿತು. "ಸಿದ್ಧ!" ಎಂದ ಕ್ಲೆಮ್.

ಒಂದು, ಎರಡು, ಮೂರು. ಆಮೇಲೆ ಏನೂ ಇಲ್ಲ. ಆಮೇಲೆ ಐದು, ಆರು. ಮತ್ತೆ ಒಂದು, ಎರಡು, ಮೂರು, ಮತ್ತೆ ಅದೇ ಕುಳಿ. ಅಂಗಳದಲ್ಲಿ ಶುರುವಾಗಿದ್ದ ಹರ್ಷೋದ್ಗಾರ ಐದಾರು ಸುತ್ತಿಗೆ ತಣ್ಣಗಾಯಿತು. ಯಾರೋ ಮೆಟ್ಟಿಲು ಹತ್ತಿಬರುವ ಸದ್ದಾಯಿತು. ರಾಯ್‌ಸ್ಟನ್ ಏದುಸಿರು ಬಿಡುತ್ತ ಬಾಗಿಲಲ್ಲಿ ತಲೆ ಹಾಕಿದ.

"ಏನಯ್ಯ ಇದು? ಏನಾದ್ರೂ ಮುರಿದು ಬಿತ್ತಾ?"

ಗಂಟೆ ಬಾರಿಸುವಾಗ ಗೋಪುರದಲ್ಲಿ ಯಾರೂ ಮಾತಾಡುವಂತಿಲ್ಲ. ರಾಯ್‌ಸ್ಟನ್ ಒಬ್ಬೊಬ್ಬರ ಮುಖ ನೋಡಿ, ಖಾಲಿ ಹಗ್ಗ ನೋಡಿ, ಅದರ ಕೆಳಗಿನ ಪೆಟ್ಟಿಗೆ ನೋಡಿ, ಬಂದ ಹಾಗೇ ಇಳಿದುಹೋದ.

ಐದನೆಯ ಗಂಟೆ ಕ್ಲೆಮ್‌ನದು. ಐದನ್ನು ಎಳೆಯುವವನು ನಾಲ್ಕನೆಯವರ ಕೈ ನೋಡಬೇಕು. ಆ ಕೈ ಕೆಳಗಿಳಿದದ್ದನ್ನು ಕಂಡ ಮೇಲೆ ತನ್ನದನ್ನು ಎಳೆಯಬೇಕು. ಮೊದಲು ಅವಿಸ್‌ಳ ಕೈ ನೋಡುತ್ತಿದ್ದ, ಆಮೇಲೆ ಕೋಸಿನ ಚಾಕುವಿನ ಗೀರುಗಳಿದ್ದ ರಮುನೆಯ ಸಣ್ಣ ಕೈ. ಈಗಲೂ ಅವನ ಕಣ್ಣು ಅಲ್ಲೇ ಹೋಯಿತು. ಹಗ್ಗ ಅಲುಗಾಡದೆ ಇಳಿಬಿದ್ದಿತ್ತು. ಪೆಟ್ಟಿಗೆಯ ಮೇಲೆ ಎರಡು ಪುಟ್ಟ ಪಾದಗಳಷ್ಟು ಜಾಗದಲ್ಲಿ ಹಸಿರು ಬಣ್ಣ ಸವೆದುಹೋಗಿತ್ತು.

ಒಂದು, ಎರಡು, ಮೂರು. ಕ್ಲೆಮ್ ಖಾಲಿ ಹಗ್ಗವನ್ನೇ ನೋಡುತ್ತ, ಅವಳು ಎಳೆದು ಮುಗಿಸುವಷ್ಟು ಹೊತ್ತು ಕಾದು, ತನ್ನದನ್ನು ಎಳೆದ.