ಅಮ್ಮಮ್ಮ ಕೊಟ್ಟಿದ್ದು

ಬೀಗಿತ್ತಿ ಬಂದಿಳಿದ ದಿನವೇ ಟೈಲರಜ್ಜಿಯ ಹೊಟ್ಟೆಯಲ್ಲಿ ಕಿಚ್ಚು ಹೊತ್ತಿಕೊಂಡಿತು. ಮಗ ಕೇಳಿದಾಗ ಮಾತ್ರ ಆಕೆ ಅದಕ್ಕೆ ಬೇರೆ ಹೆಸರು ಕೊಟ್ಟಳು. "ಎದೆಯುರಿ ಕಣೋ. ಮಧ್ಯಾಹ್ನದ ಊಟ ಯಾಕೋ ಸರಿಹೋಗಲಿಲ್ಲ."

ಮೂರನೇ ಮಹಡಿಯ ಆ ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಗೆ ಒತ್ತಿಕೊಂಡು ಆಕೆಯ ಹೊಲಿಗೆ ಮಿಷನ್ನು. ಉದ್ದವಾದ ಪ್ಯಾಂಟು ಮೋಟು ಮಾಡುವುದು, ಬಿಗಿಯಾದ ಯೂನಿಫಾರ್ಮು ಸಡಿಲಿಸುವುದು, ಕೆಟ್ಟ ಜಿಪ್ಪು ಬದಲಿಸುವುದು, ಹೀಗೆ ಬೀದಿಯವರ ಬಟ್ಟೆಯೆಲ್ಲ ಒಂದಲ್ಲ ಒಂದು ಸಲ ಆಕೆಯ ಸೂಜಿಯ ಕೆಳಗೆ ಹಾದುಹೋಗಿತ್ತು. ಅದಕ್ಕೇ ಟೈಲರಜ್ಜಿ ಎಂಬ ಹೆಸರು. ಮಗ ಬಸ್ ಡ್ರೈವರ್, ಸೊಸೆಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಇಬ್ಬರೂ ಬೆಳಕು ಹರಿಯುವ ಮೊದಲೇ ಮನೆ ಬಿಡುವವರು. ಮೊಮ್ಮಗಳು ಇನ್ನೂ ತೆವಳುತ್ತಿದ್ದಾಗಿನಿಂದ ಅಜ್ಜಿಯ ಕೈಯಲ್ಲೇ ಬೆಳೆದಳು. ಅವಳ ದುಂಡು ಮೂಗು ನೋಡಿ 'ಬಟನ್' ಎಂದು ಕರೆಯಲು ಶುರುಮಾಡಿದವಳೂ ಅಜ್ಜಿಯೇ. ಈಗ ಅಪ್ಪ ಅಮ್ಮ ಕೂಡ ಅವಳ ನಿಜವಾದ ಹೆಸರನ್ನು ಮರೆತವರಂತೆ ಬಟನ್ ಎಂದೇ ಕೂಗುತ್ತಿದ್ದರು.

ಅಮ್ಮ ಬಾಗಿಲು ದಾಟುತ್ತಿದ್ದ ಹಾಗೇ ಮಗು ಮೊದಮೊದಲು ಉಸಿರು ಕಟ್ಟಿ ಅಳುತ್ತಿತ್ತು. ಎತ್ತಿಕೊಂಡರೂ ಇಲ್ಲ, ಹಾಡಿದರೂ ಇಲ್ಲ. ಒಂದು ದಿನ ಟೈಲರಜ್ಜಿ ಕೆಳಗಿನ ಅಂಗಡಿಯ ಕಿತ್ತಳೆ ಜ್ಯೂಸನ್ನು ಹಾಲಿನ ಬಾಟಲಿಗೆ ತುಂಬಿ ಅದರ ಬಾಯಿಗಿಟ್ಟಳು. ಮಗು ಒಮ್ಮೆ ಹೀರಿತು, ಕಣ್ಣರಳಿಸಿತು, ಸುಮ್ಮನಾಯಿತು. ಅಲ್ಲಿಂದ ಮುಂದೆ ಅತ್ತರೆ ಜ್ಯೂಸು, ಬಿದ್ದರೆ ಜ್ಯೂಸು, ಅಜ್ಜಿಗೆ ಹೊಲಿಗೆ ಅವಸರವಿದ್ದರಂತೂ ಕೇಳುವುದೇ ಬೇಡ. ಮಲಗುವಾಗಲೂ ಬಾಟಲಿ ಬಾಯಲ್ಲೇ. ಹಣ್ಣಿನದು ತಾನೇ, ಕೆಡುಕೇನು ಎಂದು ಆಕೆ ಪ್ರಾಮಾಣಿಕವಾಗಿ ನಂಬಿದ್ದಳು.

ಬಟನ್‌ಗೆ ನಾಲ್ಕು ತುಂಬಿದ ಮೇಲೆ ಒಂದು ಬೆಳಿಗ್ಗೆ ಅವಳ ಕೆನ್ನೆ ಊದಿಕೊಂಡಿತ್ತು. ಹಲ್ಲಿನ ಡಾಕ್ಟರಮ್ಮ ಎರಡು ಹಲ್ಲು ಕಿತ್ತಳು. ಕಿತ್ತ ಮೇಲೆ ಮಗುವನ್ನು ಅದರಪ್ಪನ ಹೆಗಲಿಗೆ ಹಾಕಿ, "ಹಗಲು ಹೊತ್ತು ಮಗೂನ ಯಾರು ನೋಡ್ಕೊಳ್ತೀರಿ?" ಎಂದು ಕೇಳಿದಳು. ಮಗ, ಸೊಸೆ ಇಬ್ಬರೂ ಒಟ್ಟಿಗೇ ಟೈಲರಜ್ಜಿಯ ಕಡೆ ತಿರುಗಿದರು. ನಾಲ್ಕು ಜನರ ನಡುವೆ ನಿಲ್ಲಿಸಿ ಕೈ ತೋರಿಸಿದ ಹಾಗಾಯಿತು ಆಕೆಗೆ.

"ಬೈಯೋಕೆ ಕೇಳ್ತಿಲ್ಲಮ್ಮ," ಎಂದಳು, ಜ್ಯೂಸಿನ ವಿಷಯ ಮೊದಲೇ ಕೇಳಿ ತಿಳಿದುಕೊಂಡಿದ್ದ ಡಾಕ್ಟರಮ್ಮ. "ಆ ಬಾಟ್ಲಿ ಜ್ಯೂಸಲ್ಲಿ ಹಣ್ಣಿಗಿಂತ ಸಕ್ಕರೇನೇ ಜಾಸ್ತಿ. ದಿನವಿಡೀ ಗುಟುಕು ಗುಟುಕಾಗಿ ಹೀರ್ತಿದ್ರೆ ಹಲ್ಲಿಗೆ ಬಿಡುವೇ ಇರಲ್ಲ. ಒಂದೇ ಸಲ ನಿಲ್ಲಿಸಿದ್ರೆ ರಂಪ ಮಾಡ್ತಾಳೆ. ಊಟದ ಜತೆ ಮಾತ್ರ ಕೊಡಿ, ಅದೂ ನೀರು ಬೆರೆಸಿ. ದಿನ ಕಳೆದ ಹಾಗೆ ನೀರು ಜಾಸ್ತಿ ಮಾಡಿ, ಜ್ಯೂಸು ಕಮ್ಮಿ ಮಾಡಿ. ಬಾಟ್ಲಿ ಬೇಡ, ಲೋಟದಲ್ಲಿ ಕುಡೀಲಿ. ಬಾಯಾರಿದ್ರೆ ನೀರು ಅಂತ ರೂಢಿಯಾಗ್ಲಿ. ಮುಖ್ಯ, ಮನೇಲಿ ಎಲ್ರೂ ಒಂದೇ ಮಾತಾಡಬೇಕು."

ಟೈಲರಜ್ಜಿ ಒಪ್ಪಿಕೊಂಡು ಬಂದಳು. ಎರಡು ದಿನ ಗಟ್ಟಿಯಾಗಿಯೂ ಇದ್ದಳು. ಮೂರನೆಯ ದಿನ ಬಟನ್ ನೆಲದ ಮೇಲೆ ಬಿದ್ದು ಕಾಲು ಬಡಿಯತೊಡಗಿದಾಗ ಕೈ ತಾನಾಗಿ ಬಾಟಲಿಯ ಮುಚ್ಚಳ ತಿರುಗಿಸಿತ್ತು. ಸಂಜೆ ಬಂದ ಸೊಸೆ ಕಸದ ಬುಟ್ಟಿಯಲ್ಲಿ ಖಾಲಿ ಬಾಟಲಿ ನೋಡಿದಳು. ಜಗಳವಾಡುವ ಜಾತಿಯವಳಲ್ಲ. ಮಾರನೆಯ ದಿನ ಮೆಲ್ಲಗೆ ಹೇಳಿದಳು, "ಅತ್ತೆ, ನಿಮಗೂ ಮಿಷನ್ ಕೆಲಸ ಮೈತುಂಬಾ ಇದೆ. ಅಮ್ಮ ಹೇಗೂ ರಿಟೈರಾಗಿ ಕೂತಿದ್ದಾಳೆ. ಸ್ವಲ್ಪ ದಿನ ಬಂದಿರಲಿ."

ಮಾತೇನೋ ಬೆಣ್ಣೆಯ ಹಾಗಿತ್ತು. 'ನಿನ್ನ ಕೈಲಿ ಆಗಲ್ಲ' ಎಂದದ್ದು ಅದರೊಳಗೆ ಸ್ಪಷ್ಟವಾಗಿ ಕೇಳಿಸಿತು.

ಬೀಗಿತ್ತಿ ರೈಲು ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಆಯುಷ್ಯ ಕಳೆದವಳು. ಗಾಜಿನ ಆಚೆ ಯಾರು ಎಷ್ಟೇ ಕೂಗಾಡಲಿ, 'ಸೀಟಿಲ್ಲ' ಎಂಬುದನ್ನು ನಗುನಗುತ್ತಾ ಹೇಳಿ ಅಭ್ಯಾಸವಾದವಳು. ಅದೇ ಧಾಟಿಯಲ್ಲಿ ಮೊಮ್ಮಗಳಿಗೂ ಹೇಳಿದಳು. ಬಟನ್ ಅತ್ತಳು, ಉರುಳಿದಳು, ಚಪ್ಪಲಿ ಎಸೆದಳು. ಬೀಗಿತ್ತಿ ಪಕ್ಕದಲ್ಲೇ ನೆಲಕ್ಕೆ ಕೂತು, "ಅಳು ಕಂದ, ಸಿಟ್ಟು ಬಂದಿದೆ ಅಲ್ವಾ, ನಾನಿಲ್ಲೇ ಇದೀನಿ," ಎಂದಳೇ ಹೊರತು ಎದ್ದು ಅಡುಗೆಮನೆಗೆ ಹೋಗಲಿಲ್ಲ. ಅತ್ತು ಸುಸ್ತಾದ ಮಗು ಕೊನೆಗೆ ತಾನೇ ತೆವಳಿ ಅವಳ ತೊಡೆ ಏರಿತು. ಮಿಷನ್ ತುಳಿಯುತ್ತಿದ್ದ ಟೈಲರಜ್ಜಿ ಇದನ್ನು ಓರೆಗಣ್ಣಿನಲ್ಲಿ ನೋಡಿದಳು. ಹೊಲಿಗೆ ಸೊಟ್ಟಗಾಯಿತು. ಬಿಚ್ಚಿ ಮತ್ತೆ ಹಾಕಬೇಕಾಯಿತು.

ಆಮೇಲೆ ದಿನವೂ ಅದೇ. ಬಟನ್ ಬೀಗಿತ್ತಿಯ ಕೈ ಹಿಡಿದು ಅಂಗಡಿಗೆ ಹೋಗಿ ತಾನೇ ಹಸಿರು ಲೋಟ ಆರಿಸಿಕೊಂಡು ಬಂದಳು. ತಾನೇ ಜಗ್ಗಿನಿಂದ ನೀರು ಬಗ್ಗಿಸಿ, ಅರ್ಧ ನೆಲಕ್ಕೆ ಚೆಲ್ಲಿ, ಉಳಿದದ್ದಕ್ಕೆ ಒಂದಿಷ್ಟು ಜ್ಯೂಸು ಸೇರಿಸಿಕೊಂಡು, ದೊಡ್ಡ ಅಡುಗೆಯವಳ ಹಾಗೆ ಕಲಸುತ್ತಿದ್ದಳು. ನೀರಿನ ಮಟ್ಟ ಏರಿತು, ಕಿತ್ತಳೆ ಬಣ್ಣ ಮಂಕಾಯಿತು. ಮಗು ಗೊಣಗುತ್ತಲೇ ಹೊಂದಿಕೊಂಡಿತು. ಅಮ್ಮನ ಅಮ್ಮ ಅವಳಿಗೆ ಅಮ್ಮಮ್ಮ, ಜತೆಗೆ ಬಾಯಲ್ಲಿ ಅವಳದೇ ಜಪ: ಅಮ್ಮಮ್ಮ ಕಥೆ ಹೇಳಲಿ, ಅಮ್ಮಮ್ಮ ಜಡೆ ಹಾಕಲಿ, ಅಮ್ಮಮ್ಮನ ಪಕ್ಕದಲ್ಲೇ ಮಲಗುತ್ತೇನೆ.

"ನೋಡಿದ್ಯಾಮ್ಮ, ಅತ್ತೆ ಹೇಗೆ ಪಳಗಿಸಿದ್ರು," ಎಂದ ಮಗ, ಊಟಕ್ಕೆ ಕೂತಾಗ. ಹೆತ್ತ ಮಗ.

"ಹೌದಪ್ಪ," ಎಂದಳು ಟೈಲರಜ್ಜಿ. "ದೊಡ್ಡ ಸರ್ಕಸ್ಸು ಕಂಪನಿ ನಡೆಸಬಹುದು ಅವರು."

ಎಲ್ಲರೂ ನಕ್ಕರು, ಬೀಗಿತ್ತಿಯೂ ನಕ್ಕಳು. ಅವಳು ನಕ್ಕದ್ದಂತೂ ಇನ್ನಷ್ಟು ಉರಿಸಿತು. ಮೂತಿ ತಿರುಗಿಸಿದ್ದರೆ ಜಗಳಕ್ಕಾದರೂ ಒಂದು ನೆಪ ಸಿಗುತ್ತಿತ್ತು. ಎದ್ದರೆ ಕೂತರೆ ಟೈಲರಜ್ಜಿಗೆ ಅವಳದೇ ಧ್ಯಾನ. ಅವಳ ಇಸ್ತ್ರಿ ಮಾಡಿದ ಕರವಸ್ತ್ರ ಕಂಡರಾಗದು, ಅವಳು ಲೋಟ ತೊಳೆದು ಬೋರಲು ಹಾಕುವ ಸದ್ದು ಕೇಳಿದರಾಗದು. ನಾಲ್ಕು ವರ್ಷ ಮಲಮೂತ್ರ ಬಳಿದವಳು ನಾನು, ಜ್ವರ ಬಂದಾಗ ಹೆಗಲ ಮೇಲೆ ಹೊತ್ತು ತಿರುಗಿದವಳು ನಾನು. ನಿನ್ನೆ ಬಂದವಳು ಬರೀ ನೀರು ಕುಡಿಸಿ ಮಗುವನ್ನು ಹೊಡೆದುಕೊಂಡು ಹೋದಳಲ್ಲ ಎಂದು ಒಳಗೊಳಗೇ ಬೇಯುತ್ತಿದ್ದಳು.

ಒಂದು ಮಧ್ಯಾಹ್ನ ಬೀಗಿತ್ತಿ ಊಟವಾದ ಮೇಲೆ ಒಳಕೋಣೆಯಲ್ಲಿ ಕಣ್ಣುಮುಚ್ಚಿದ್ದಳು. ಟೈಲರಜ್ಜಿ ದಾರದುಂಡೆ ತರುವ ನೆಪ ಮಾಡಿ ಕೆಳಗಿಳಿದು, ಸೆರಗಿನಡಿ ಒಂದು ಬಾಟಲಿ ತಂದಳು. ಮಿಷನ್ನಿನ ಕೆಳಗೆ ಬಟ್ಟೆಗಳ ಗುಡ್ಡೆಯ ನಡುವೆ ಆಡುತ್ತಿದ್ದ ಬಟನ್‌ಗೆ ಅದನ್ನು ತೋರಿಸಿದಳು. ಆ ಕಣ್ಣು ಮಿಂಚಿದ್ದನ್ನು ನೋಡಿ ಆಕೆಗೆ ಹೋದ ಜೀವ ಬಂದಂತಾಯಿತು.

"ಯಾರಿಗೂ ಹೇಳಬಾರದು. ಇದು ನಮ್ಮಿಬ್ಬರದೇ ಗುಟ್ಟು."

"ಅಮ್ಮಮ್ಮಂಗೂ ಹೇಳಬಾರದಾ?"

"ಅವಳಿಗಂತೂ ಹೇಳಲೇಬಾರದು."

ಅಂದಿನಿಂದ ಬೀಗಿತ್ತಿಯ ಕಣ್ಣು ಮುಚ್ಚುವುದೇ ತಡ, ಮಿಷನ್ನಿನ ಕೆಳಗೆ ಗುಟುಕು ಸದ್ದು. ಬಟನ್ ಮತ್ತೆ ಅಜ್ಜಿಯ ಸೆರಗು ಹಿಡಿದು ಸುತ್ತಿದಳು. ಹಸಿರು ಲೋಟದ ನೀರಿಗೆ ಮೂಗು ಮುರಿದಳು. "ಯಾಕೋ ಎರಡು ದಿನದಿಂದ ಹಠ ಜಾಸ್ತಿಯಾಗಿದೆಯಲ್ಲ," ಎಂದು ಬೀಗಿತ್ತಿ ಹುಬ್ಬು ಗಂಟಿಕ್ಕಿದರೆ, ಟೈಲರಜ್ಜಿ ಸೂಜಿಗೆ ದಾರ ಪೋಣಿಸುತ್ತಾ, "ಮಕ್ಕಳು ಅಂದ್ಮೇಲೆ ಹಾಗೇನೆ," ಎನ್ನುತ್ತಿದ್ದಳು.

ಗುಟ್ಟು ರಟ್ಟಾಗಿದ್ದು ಒಂದು ಬಿಳಿ ಅಂಗಿಯಿಂದ. ಎದುರು ಮನೆಯ ಹುಡುಗ ಕೆಲಸದ ಸಂದರ್ಶನಕ್ಕೆಂದು ತೋಳು ಸರಿಮಾಡಲು ಕೊಟ್ಟದ್ದು. ಬಟನ್‌ಳ ಕೈಯಿಂದ ಬಾಟಲಿ ಜಾರಿ, ಎದೆಯ ಮೇಲೆ ಅಂಗೈಯಗಲ ಕಿತ್ತಳೆ ಕಲೆ ಮೂಡಿತು. ಟೈಲರಜ್ಜಿ ಸೋಪು ಹಚ್ಚಿ ಉಜ್ಜುತ್ತಿರುವಾಗಲೇ ಅಂದು ಬೇಗ ಬಿಡುವಾಗಿದ್ದ ಸೊಸೆ ಒಳಗೆ ಬಂದಳು. ಒಳಕೋಣೆಯಿಂದ ಬೀಗಿತ್ತಿಯೂ ಎದ್ದು ಬಂದಳು. ಸೊಸೆ ಅಂಗಿ ನೋಡಿದಳು, ಉರುಳಿದ ಬಾಟಲಿ ನೋಡಿದಳು, ಮಗಳ ಮುಂದೆ ಮಂಡಿಯೂರಿದಳು.

"ಯಾರು ಕೊಟ್ರು ಪುಟ್ಟ?"

ಬಟನ್ ಒಂದು ಕ್ಷಣವೂ ತಡೆಯಲಿಲ್ಲ. "ಅಮ್ಮಮ್ಮ ಕೊಟ್ಟಿದ್ದು."

"ನಾನಾ?" ಎಂದಳು ಬೀಗಿತ್ತಿ. "ನಾನು ಕೊಟ್ಟಿಲ್ಲ."

"ಮಗು ಸುಳ್ಳು ಹೇಳುತ್ತೇನಮ್ಮ? ಇಷ್ಟು ದಿನ ಎಲ್ಲರ ಮುಂದೆ ನೀರು, ನೀರು ಅಂತ ಹೇಳಿ, ಹಿಂದಿನಿಂದ ಇದಾ?" ಲಾಂಡ್ರಿಯ ಬಿಸಿಯಲ್ಲಿ ಬೆಂದು ಬಂದಿದ್ದ ಸೊಸೆ ಉರುಳಿದ ಬಾಟಲಿಯನ್ನು ಎತ್ತಿ ತೋರಿಸಿದಳು. "ನಿನ್ನನ್ನ ನಂಬಿ ಕರೆಸಿದ್ನಲ್ಲ."

ಬೀಗಿತ್ತಿ ಮಗಳನ್ನು ನೋಡಿದಳು, ಆಮೇಲೆ ಟೈಲರಜ್ಜಿಯನ್ನು ನೋಡಿದಳು. ಹಾಗೇ ಒಳಗೆ ಹೋದಳು. ಪೆಟ್ಟಿಗೆಯ ಜಿಪ್ಪು ಎಳೆದ ಸದ್ದು ಕೇಳಿಸಿತು.

ಟೈಲರಜ್ಜಿ ಬಯಸಿದ್ದು ಇದನ್ನೇ. ಆದರೆ ಆಗ ಬಟನ್ ಅಜ್ಜಿಯ ಮುಖ ನೋಡಿ, ಬಾಯಿಯ ಹಲ್ಲಿಲ್ಲದ ಜಾಗ ಕಾಣುವಂತೆ ನಕ್ಕಳು. ಗುಟ್ಟು ಉಳಿಸಿದೆ, ನನ್ನನ್ನು ಹೊಗಳು ಎಂಬ ನಗು ಅದು. ಟೈಲರಜ್ಜಿ ಅಂಗಿ ಉಜ್ಜುವುದನ್ನು ನಿಲ್ಲಿಸಿದಳು. ನಾಲ್ಕು ವರ್ಷದ ಕೂಸು ಕಣ್ಣು ಮಿಟುಕಿಸದೆ ಸುಳ್ಳು ಹೇಳಿತ್ತು, ಅದೂ ತನ್ನನ್ನು ಮೆಚ್ಚಿಸಲು. ಇದನ್ನು ಕಲಿಸಿದ್ದು ಯಾರೆಂದು ಬೇರೆಯವರನ್ನು ಕೇಳಬೇಕಿರಲಿಲ್ಲ.

ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಕೋಣೆಗೆ ಹೋದಳು. ಬೀಗಿತ್ತಿ ಬಟ್ಟೆ ಮಡಿಸುತ್ತಿದ್ದಳು.

"ಬೀಗಿತ್ತಿಯವರೇ, ಕೊಟ್ಟಿದ್ದು ನಾನು."

"ಗೊತ್ತು."

"ಗೊತ್ತಿದ್ದೂ ಯಾಕೆ ಹೇಳಲಿಲ್ಲ?"

"ಹೇಳಿ ಏನು ಮಾಡ್ಲಿ? ನಾನು ನಿಮ್ಮ ಮೇಲೆ ಹಾಕಿದೆ ಅಂತಾಗುತ್ತೆ." ಬೀಗಿತ್ತಿ ಮಡಿಸಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸಿದಳು. "ಮಗು ನಿಮ್ಮ ಪರ ನಿಂತಿತು ನೋಡಿ. ನನ್ನ ಹೊಟ್ಟೆ ಉರಿದುಹೋಯ್ತು."

"ನಿಮಗಾ? ನಿಮಗ್ಯಾಕೆ ಹೊಟ್ಟೆಯುರಿ? ಇಡೀ ದಿನ ನಿಮ್ಮ ತೊಡೆ ಮೇಲೇ ಇರ್ತಿದ್ಲಲ್ಲ."

"ನಾಲ್ಕು ವರ್ಷ ಫೋನಲ್ಲಿ ಮುಖ ನೋಡ್ಕೊಂಡು ಇದ್ದೆ. ಮಾತು ಕಲಿತಾಗ ಅವಳು ನಿಮ್ಮನ್ನ ಅಜ್ಜಿ ಅಂದ್ಲು, ನನ್ನನ್ನ 'ಆ ಫೋನ್ ಅಜ್ಜಿ' ಅಂದ್ಲು. ಮಗಳು ಕರೆದಾಗ ಓಡಿ ಬಂದಿದ್ದು ಹಲ್ಲಿಗೋಸ್ಕರ ಅಂತ ನೀವು ಅಂದ್ಕೊಂಡ್ರಾ?" ಬೀಗಿತ್ತಿ ನಕ್ಕಳು. ಕೌಂಟರಿನ ನಗುವಲ್ಲ, ಸ್ವಲ್ಪ ಸೊಟ್ಟನೆಯದು. "ನಿಮ್ಮಿಂದ ಕಿತ್ಕೋಬೇಕು ಅಂತಾನೇ ಬಂದೆ."

ಟೈಲರಜ್ಜಿ ಮಂಚದ ತುದಿಗೆ ಕೂತಳು. ಎಷ್ಟೋ ದಿನಗಳ ಮೇಲೆ ಆ ಹೆಂಗಸಿನ ಪಕ್ಕದಲ್ಲಿ ಉಸಿರು ಸರಾಗವಾಗಿ ಆಡಿತು. ಪ್ರೀತಿಯೇನೂ ಉಕ್ಕಿ ಬರಲಿಲ್ಲ. ಎದುರಾಳಿಯೂ ತನ್ನಷ್ಟೇ ಬೆಂದಿದ್ದಾಳೆ ಎಂಬ ಸಮಾಧಾನವಷ್ಟೇ.

ಮುಂದಿನ ಕೋಣೆಯಲ್ಲಿ ಸೊಸೆಯ ಎದುರು, ಬಟನ್‌ಳನ್ನು ಮುಂದೆ ಕೂರಿಸಿಕೊಂಡು ಆಕೆ ಹೇಳಿದಳು, "ಜ್ಯೂಸು ಕೊಟ್ಟಿದ್ದು ನಾನು. ಹೇಳಬೇಡ ಅಂದಿದ್ದೂ ನಾನೇ. ಅಜ್ಜಿ ಮಾಡಿದ್ದು ತಪ್ಪು ಕಂದ. ಅಮ್ಮಮ್ಮನ ಹೆಸರು ಹೇಳಿದ್ದೂ ತಪ್ಪು." ಬಟನ್ ತುಟಿ ಊದಿಸಿ ಅತ್ತಳು. ಸೊಸೆ ಅತ್ತೆಯೊಂದಿಗೆ ಎರಡು ದಿನ ಮಾತು ಬಿಟ್ಟಳು. ತನ್ನಮ್ಮನ ಮುಂದೆ ಮಾತ್ರ ಅಂದೇ ಕಣ್ಣೀರು ಹಾಕಿದಳು. ಎದುರು ಮನೆಯ ಹುಡುಗನಿಗೆ ಟೈಲರಜ್ಜಿ ಹೊಸ ಬಿಳಿ ಬಟ್ಟೆ ತಂದು, ಕೂತ ಜಾಗ ಬಿಟ್ಟೇಳದೆ ಅಂಗಿ ಹೊಲಿದುಕೊಟ್ಟಳು.

ಪೆಟ್ಟಿಗೆ ಮತ್ತೆ ಮಂಚದ ಕೆಳಗೆ ಸೇರಿತು. ಬೀಗಿತ್ತಿ ಇನ್ನೂ ಕೆಲವು ವಾರ ಇದ್ದಳು. ಇಬ್ಬರೂ ಸೇರಿ ಮಗುವನ್ನು ಮತ್ತೆ ಮೊದಲಿನಿಂದ ದಾರಿಗೆ ತಂದರು. ನೀರಿನ ಲೆಕ್ಕಕ್ಕೆ ಕಿತ್ತಾಡಿದರು, ಯಾರು ಲೋಟ ಕೊಡಬೇಕೆಂದು ಮುನಿಸಿಕೊಂಡರು. ಆದರೆ ಬಟನ್ ಒಬ್ಬರ ಹತ್ತಿರ ಸಿಗದ್ದನ್ನು ಇನ್ನೊಬ್ಬರ ಹತ್ತಿರ ಕೇಳಲು ಹೋದರೆ ಎರಡೂ ಕಡೆ ಒಂದೇ ಉತ್ತರ. ಕಡೆಕಡೆಗೆ ಜ್ಯೂಸಿನ ಮಾತೇ ಮರೆಯಿತು. ಬಾಯಾರಿದರೆ ತಾನೇ ಜಗ್ಗಿನ ಹತ್ತಿರ ಹೋಗುತ್ತಿದ್ದಳು. ಮುಂದಿನ ಸಲ ಡಾಕ್ಟರಮ್ಮ ಬಾಯಿಗೆ ದೀಪ ಹಿಡಿದು ನೋಡಿ, ಹೊಸ ಹುಳುಕಿಲ್ಲ ಎಂದಳು.

ಬೀಗಿತ್ತಿ ಹೊರಡುವ ದಿನ ಟೈಲರಜ್ಜಿ ಬಸ್ ನಿಲ್ದಾಣದವರೆಗೂ ಹೋಗಿ ಬಂದಳು. ಈಗ ಪ್ರತಿ ಭಾನುವಾರ ಫೋನು ಬರುತ್ತದೆ. ಬಟನ್ ಅದನ್ನು ಕಿವಿಗೊತ್ತಿಕೊಂಡು ಮಂಚದ ಮೂಲೆ ಸೇರಿ, ಕಿಸಕಿಸ ನಗುತ್ತಾ ಎಷ್ಟೋ ಹೊತ್ತು ಹರಟುತ್ತಾಳೆ. ಟೈಲರಜ್ಜಿ ಮಿಷನ್ ನಿಲ್ಲಿಸಿ, ಅಲ್ಲಿ ಏನು ನಡೆಯುತ್ತಿದೆ ಎಂದು ಕಿವಿಗೊಡುತ್ತಾಳೆ. ಎದೆಯುರಿ ಇನ್ನೂ ಪೂರ್ತಿ ಹೋಗಿಲ್ಲ. ತಡೆಯಲಾರದೆ ಹೋದಾಗ ಹತ್ತಿರ ಹೋಗಿ ಕೈಚಾಚುತ್ತಾಳೆ.

"ಸಾಕು, ಇತ್ಲಾಗೆ ಕೊಡೇ. ನಾನೂ ಮಾತಾಡಬೇಕು ಅವಳ ಹತ್ರ."