ಮಂಚ ಇದ್ದ ಕಡೆ ನದಿ

ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ವೈದ್ಯರು ಹೇಳಿದರು: ಅಣ್ಣನ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು, ಗುರುವಾರ ಶಸ್ತ್ರಚಿಕಿತ್ಸೆ. ಹನ್ನೊಂದೂವರೆಗೆ ಅಣ್ಣ ಸ್ಟುಡಿಯೋದ ಗಾಜಿನ ಹಿಂದೆ ಕೂತು, ಹೆಡ್‌ಫೋನ್ ಏರಿಸಿಕೊಂಡು, ತಂಗಿಯತ್ತ ಕೈ ಚಾಚಿದ. ಅವನು ಕೊಡು ಎನ್ನುತ್ತಿದ್ದದ್ದು ಲಿಸ್ಬನ್ ನಗರದ ಕೊನೆಯ ಭಾಗದ ಹಾಳೆಗಳನ್ನು.

ತಂಗಿ ಹಾಳೆಗಳನ್ನು ಎದೆಗೆ ಅವಚಿಕೊಂಡೇ ನಿಂತಿದ್ದಳು. ಅತ್ತಿಗೆ ಆಸ್ಪತ್ರೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಬಳಿಯ ಬೆಂಚಿನಲ್ಲಿ ಕೂತಿದ್ದಳು.

"ಇವತ್ತು ಬೇಡ ಅಣ್ಣ. ಡಾಕ್ಟರು ಮಾತು ಕಮ್ಮಿ ಮಾಡಿ ಅಂದಿದ್ದಾರಂತೆ."

"ಗುರುವಾರದಿಂದ ಕಮ್ಮಿ ಮಾಡ್ತೀನಲ್ಲ," ಎಂದ ಅಣ್ಣ.

ಯಾರೂ ನಗಲಿಲ್ಲ.

ಪರಿಚಿತರು ಅವನನ್ನು ಕರೆಯುತ್ತಿದ್ದದ್ದು ಕಂಚು ಎಂದು. ಕಂಚಿನ ಕಂಠ ಎನ್ನುವುದನ್ನು ಮೊಟಕು ಮಾಡಿ ಯಾರೋ ಇಟ್ಟ ಹೆಸರು. ಪ್ರವಾಸಿಗರು ಅಪರಿಚಿತ ನಗರದಲ್ಲಿ ಕಿವಿಗೆ ಸಿಕ್ಕಿಸಿಕೊಂಡು ನಡೆಯುತ್ತಾ ಕೇಳುವ ಧ್ವನಿ ಮಾರ್ಗದರ್ಶಿಗಳನ್ನು ಓದುವುದು ಅವನ ಕೆಲಸ. ಬರೆಯುವುದು ತಂಗಿಯ ಕೆಲಸ. ಅವಳು ನಗರಕ್ಕೆ ಹೋಗಿ, ಓಣಿ ಓಣಿ ತಿರುಗಿ ಬಂದು ಬರೆಯುತ್ತಿದ್ದಳು. ಒಮ್ಮೆಯಾದರೂ ನೋಡಬೇಕಾದ ನಗರಗಳು ಎಂಬ ಮಾಲಿಕೆಯಲ್ಲಿ ಇಸ್ತಾಂಬುಲ್, ವೆನಿಸ್, ಪ್ರಾಗ್, ಕ್ಯೋಟೋ ಮುಗಿದಿದ್ದವು. ಕೊನೆಯದು ಲಿಸ್ಬನ್.

ಈ ನಗರಗಳಲ್ಲಿ ಒಂದನ್ನೂ ಅಣ್ಣ ಕಣ್ಣಾರೆ ಕಂಡವನಲ್ಲ. ಇದು ಕೈಲಾಗದೆ ಆದದ್ದಲ್ಲ, ಅವನೇ ಮಾಡಿಕೊಂಡ ನಿಯಮ. ಕೇಳುವವನಿಗೆ ನಗರ ಹೊಸದು, ಆದ್ದರಿಂದ ಹೇಳುವ ದನಿಗೂ ಅದು ಹೊಸದಾಗಿರಬೇಕು ಎನ್ನುತ್ತಿದ್ದ. "ಕಂಡವನು ಓದಿದ್ರೆ ಗತ್ತು ಬರುತ್ತೆ, ಕಾಣದವನು ಓದಿದ್ರೆ ಆಸೆ ಬರುತ್ತೆ." ತಂಗಿ ಪ್ರತಿ ಸಲವೂ ಜೊತೆಗೆ ಕರೆಯುತ್ತಿದ್ದಳು. ಅವನ ಉತ್ತರವೂ ಪ್ರತಿ ಸಲ ಒಂದೇ: "ದನಿ ಇರೋವರೆಗೂ ಇಲ್ಲ."

ಹಾಗಾಗಿ ನಗರಗಳು ಅವನ ಮನೆಗೇ ಬರುತ್ತಿದ್ದವು. ತಂಗಿ ಬರೆದು ತಂದದ್ದನ್ನು ಮೊದಲು ಹಜಾರದಲ್ಲಿ ನಡೆದು ನೋಡುವುದು ವಾಡಿಕೆ. ಕಪಾಟು ದೊಡ್ಡ ಚರ್ಚು, ಬಟ್ಟೆ ಒಣಗಿಸುವ ಹಗ್ಗ ಟ್ರಾಮ್ ಹಳಿ, ಸ್ಟೂಲು ಗುಡ್ಡದ ಮೇಲಿನ ವೀಕ್ಷಣಾ ಜಾಗ. ನೀರು ಯಾವ ನಗರದ್ದೇ ಆಗಲಿ, ಬಲಗಡೆ ಗೋಡೆಗೆ ಒರಗಿದ ಮಂಚವೇ ನೀರು. ಅಣ್ಣ ಕಣ್ಣು ಮುಚ್ಚಿ ನಡೆಯುತ್ತಿದ್ದ, ತಂಗಿ ಓದುತ್ತಿದ್ದಳು. ಅವನು ಕಪಾಟಿಗೆ ಹಣೆ ಬಡಿಸಿಕೊಂಡರೆ ತಪ್ಪು ಬರಹದ್ದೇ ಹೊರತು ಹಣೆಯದ್ದಲ್ಲ. ಆ ವಾಕ್ಯ ಮತ್ತೆ ಬರೆಯಬೇಕು. ಅತ್ತಿಗೆ ಅಡುಗೆಮನೆಯಿಂದ ಇಣುಕಿ, "ಇವತ್ತು ನಾನು ಮಲಗಬೇಕಾಗಿರೋದು ಯಾವ ಹೊಳೆಯಲ್ಲಪ್ಪಾ?" ಎಂದು ಕೇಳುತ್ತಿದ್ದಳು.

ಈಗ ಆ ಅತ್ತಿಗೆ ಬೆಂಚಿನಿಂದ ಎದ್ದು ಒಳಗೆ ಬಂದಳು.

ಧ್ವನಿ ಮುದ್ರಿಸುವ ಸಹಾಯಕನನ್ನು ಎಲ್ಲರೂ ಕಿವಿ ಎನ್ನುತ್ತಿದ್ದರು. ಪಕ್ಕದ ಕೋಣೆಯಲ್ಲಿ ಸೂಜಿ ಬಿದ್ದರೂ ಮುದ್ರಣ ನಿಲ್ಲಿಸುವ ಆಸಾಮಿ. ಮಾತು ಎತ್ತಿದವನು ಅವನೇ. "ಕಂಚಣ್ಣ, ಒಂದು ದಾರಿ ಇದೆ. ಮನೇಲಿ ಮಾತಾಡೋ ಹಾಗೆ ಒಂದಷ್ಟು ಮಾತು ಮುದ್ರಿಸಿ ಕೊಟ್ರೆ, ಆಮೇಲೆ ನೀವು ಫೋನಲ್ಲಿ ಬರೆದದ್ದನ್ನ ಯಂತ್ರ ನಿಮ್ಮ ದನಿಯಲ್ಲೇ ಹೇಳುತ್ತೆ. ಆದ್ರೆ ಗುರುವಾರದೊಳಗೆ ಮಾಡ್ಬೇಕು."

"ಇಷ್ಟು ನಗರ ಓದಿದ್ದೀನಲ್ಲ, ಅದು ಸಾಲದಾ?"

"ಸಾಲದು. ಅದರಲ್ಲಿ ಕೋಪ ಇಲ್ಲ, ನಗು ಇಲ್ಲ, ಯಾರನ್ನೂ ಕರೆದದ್ದಿಲ್ಲ. ಕೆಮ್ಮಿದ್ದೂ ಇಲ್ಲ, ಎಲ್ಲ ನಾನೇ ಕತ್ತರಿಸಿ ಹಾಕಿದ್ದೀನಿ. ಅದನ್ನೇ ಕೊಟ್ರೆ ಯಂತ್ರ ಮನೇಲೂ ದಾರಿ ತೋರಿಸ್ತಾ ಇರುತ್ತೆ."

ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಗಂಟಲು ತಡೆಯದು ಎಂದು ವೈದ್ಯರು ಎಚ್ಚರಿಸಿದ್ದರು. ಆ ಗಂಟೆಯಲ್ಲಿ ನಗರವಾದರೂ ಆಗಬೇಕು, ಇಲ್ಲವೇ ಮನೆ ಮಾತಾದರೂ ಆಗಬೇಕು.

"ಉಪ್ಪು ಕಮ್ಮಿ ಅಂತ ಹೇಳೋಕೆ ಯಂತ್ರ ಯಾಕೆ? ಮುಖ ಸಿಂಡರಿಸಿದ್ರೆ ಅವಳಿಗೆ ಅರ್ಥವಾಗುತ್ತೆ," ಎಂದ ಅಣ್ಣ. "ಅರ್ಧ ನಗರ ಬಿಟ್ಟು ಹೋಗಲ್ಲ ನಾನು."

"ಮನೆಗೆ ಮಾರಿ ಊರಿಗೆ ಉಪಕಾರಿ ಅಂತಾರೆ," ಎಂದಳು ಅತ್ತಿಗೆ. "ನಿಮ್ಮ ಉಪಕಾರ ಒಂದೂರಿಗೂ ಅಲ್ಲ ಕಣ್ರೀ, ಊರೂರಿಗೆ."

ಕೊನೆಗೆ ಪಾಲು ಮಾಡಿದವಳು ತಂಗಿ. ಸೋಮವಾರ, ಮಂಗಳವಾರ ಲಿಸ್ಬನ್‌ಗೆ. ಬುಧವಾರ ಮನೆಗೆ.

"ಗಂಡ ನನ್ನವನು, ದೊಡ್ಡ ಪಾಲು ನಿನಗೆ," ಎಂದು ಅತ್ತಿಗೆ ಚೀಲ ಎತ್ತಿಕೊಂಡು ಹೊರಟಳು. ಬಾಗಿಲಲ್ಲಿ ನಿಂತು ಸೇರಿಸಿದಳು: "ಬುಧವಾರ ಮಾತ್ರ ಮುಟ್ಟಬೇಡ."

ಹಾಳೆಗಳು ತಂಗಿಯ ಎದೆಯಿಂದ ಅಣ್ಣನ ಕೈಗೆ ಹೋದವು. ಕೊನೆಯ ಭಾಗವನ್ನು ಅವಳು ಭಾನುವಾರ ಸಂಜೆ ಅಣ್ಣನ ಹಜಾರದಲ್ಲೇ ಕೂತು ಬರೆದಿದ್ದಳು. ಈ ಸಲ ಹಜಾರದ ನಡಿಗೆಗೆ ಪುರುಸೊತ್ತಾಗಲಿಲ್ಲ. ಅವನು ನೇರವಾಗಿ ಓದಿದ.

ದನಿ ಒರಟಾಗಿತ್ತು. ಸೋಮವಾರದ ದನಿಗಿಂತ ಮಂಗಳವಾರದ್ದು ಇನ್ನೂ ಒರಟು. ಪ್ರತಿ ವಾಕ್ಯಕ್ಕೂ ಒಂದು ಗುಟುಕು ನೀರು. ಆದರೂ ಗುಡ್ಡದ ಮೇಲಿನ ವೀಕ್ಷಣಾ ಜಾಗದ ವಿವರ ಬಂದಾಗ ಗಾಜಿನ ಈಚೆ ಕೂತಿದ್ದ ಕಿವಿ, ಯಂತ್ರದ ಗುಂಡಿಗಳಿಂದ ಕೈ ತೆಗೆದು ಸುಮ್ಮನೆ ಕೇಳಿದ. "ಇಲ್ಲಿ ಸ್ವಲ್ಪ ನಿಲ್ಲಿ. ಈ ಚರ್ಚಿನ ಗೋಡೆಯ ಮೇಲೆ ನೀಲಿ ಟೈಲುಗಳಲ್ಲಿ ಬಿಡಿಸಿದ ಒಂದು ಚೌಕದ ಚಿತ್ರವಿದೆ. 1755ರ ಭೂಕಂಪಕ್ಕೆ ಮೊದಲು ನದಿ ದಂಡೆಯ ಚೌಕ ಹೇಗಿತ್ತೋ ಹಾಗೆ ಬಿಡಿಸಿದ್ದಾರೆ. ಆ ಚೌಕ ಈಗಿಲ್ಲ. ಅದೇ ಜಾಗದಲ್ಲಿ ಬೇರೆ ಚೌಕ ಕಟ್ಟಿದ್ದಾರೆ. ಅವಸರವಿಲ್ಲ, ನೋಡಿ."

ಓದಿ ಮುಗಿಸಿ ಅಣ್ಣ ಗಾಜಿನ ಹಿಂದೆ ಹೆಬ್ಬೆರಳು ಎತ್ತಿದ. ಬಾಯಲ್ಲಿ ಹೇಳುವಷ್ಟು ದನಿ ಅವತ್ತಿಗೆ ಉಳಿದಿರಲಿಲ್ಲ.

ಬುಧವಾರ ಬೆಳಗ್ಗೆ ತಂಗಿ ಅಣ್ಣನ ಮನೆಗೆ ಹೋದಳು. ಅವನು ಸ್ನಾನದಲ್ಲಿದ್ದ. ಮಂಚದ ಅಂಚಿನಲ್ಲಿ ಕೂತು ಚೀಲದ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದಾಗ ಕುತ್ತಿಗೆಗೆ ಬಿಸಿಲು ತಾಗಿತು. ತಿರುಗಿ ನೋಡಿದಳು. ಬೆನ್ನ ಹಿಂದೆ ಕಿಟಕಿ; ಮಂಚ ಎಡಗಡೆ ಗೋಡೆಗೆ ಬಂದಿತ್ತು. ಆ ಮಂಚದ ಹಿಂದೆ ಯಾವತ್ತೂ ಕಿಟಕಿ ಇದ್ದದ್ದಿಲ್ಲ.

"ಅತ್ತಿಗೆ, ಮಂಚ ಯಾವಾಗ ಸರಿಸಿದ್ರಿ?"

"ಭಾನುವಾರ ಮಧ್ಯಾಹ್ನ," ಅಡುಗೆಮನೆಯಿಂದ ಉತ್ತರ ಬಂತು. "ಅಷ್ಟು ಕೆಮ್ಮುವಾಗ ಗಾಳಿ ಬೆಳಕು ಬೇಕಲ್ಲ ಅವರಿಗೆ. ಸಂಜೆ ಪೂರ್ತಿ ನೀನು ಇಲ್ಲೇ ಕೂತು ಬರೀತಿದ್ದೆ, ಕಣ್ಣಿಗೆ ಬೀಳಲಿಲ್ವಾ?"

ಬಿದ್ದಿತ್ತು. ಮನಸ್ಸಿಗೆ ತಿಳಿಯದೆ ಬಿದ್ದದ್ದೇ ತಪ್ಪಾಗಿತ್ತು. ತಂಗಿ ಚೀಲದಿಂದ ಹಾಳೆ ತೆಗೆದು ಓದಿದಳು. ವೀಕ್ಷಣಾ ಜಾಗದಿಂದ ಎಡಕ್ಕೆ ತಿರುಗಿ, ಮೆಟ್ಟಿಲು ಇಳಿಯಿರಿ, ನದಿ ಎದುರಿಗಿರುತ್ತದೆ. ಅವಳೇ ನಡೆದ ದಾರಿಯಲ್ಲಿ ನದಿ ಇದ್ದದ್ದು ಬಲಕ್ಕೆ, ಹಳೆಯ ಓಣಿಗಳಿಗೆ ಇಳಿಯುವ ಮೆಟ್ಟಿಲೂ ಬಲಕ್ಕೆ. ಎಡಕ್ಕೆ ಹೋದರೆ ಕೋಟೆಯ ಏರು. ಲಿಸ್ಬನ್ನಿನ ಹೆಸರಿನಲ್ಲಿ ಅವಳು ಈ ಹಜಾರವನ್ನು ಬರೆದಿದ್ದಳು. ಒಂದು ಪದ ತಪ್ಪಿದ್ದರೆ ಬೇರೆ ಮಾತು. ಆ ಪುಟದಲ್ಲಿ ಗೋಡೆ, ಚರ್ಚು, ಹಳಿ ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿದ್ದವು.

ಅವಳು ಅಡುಗೆಮನೆಗೆ ಹೋಗಿ ಅತ್ತಿಗೆಗೆ ಇದ್ದದ್ದು ಇದ್ದಹಾಗೆ ಹೇಳಿದಳು. ಇನ್ನೊಮ್ಮೆ ಓದಬೇಕಾದರೆ ಒಂದು ಪುಟ. ಆದರೆ ನಿನ್ನೆಯ ಸ್ಥಿತಿ ನೋಡಿದರೆ ಒಂದು ಪುಟವೇ ಇವತ್ತಿನ ಅಷ್ಟೂ ದನಿ.

ಅತ್ತಿಗೆ ಒಲೆ ಆರಿಸಿದಳು. "ಅವರಿಗೆ ಹೇಳಿದ್ರೆ ಏನು ಮಾಡ್ತಾರೆ ಅಂತ ನಿನಗೆ ಗೊತ್ತು."

"ಗೊತ್ತು."

"ದಾರಿ ತಪ್ಪಿದವನು ಯಾರನ್ನಾದ್ರೂ ಕೇಳ್ತಾನೆ. ಬಾಯಿದ್ದವನು ಬರಗಾಲದಲ್ಲೂ ಬದುಕಿದ." ಒಲೆಯ ಮೇಲಿನ ಪಾತ್ರೆ ಇಳಿಸಿ ಹೇಳಿದಳು, "ಆ ಪ್ರವಾಸಿಗೆ ಬಾಯಿ ಇದೆಯಲ್ಲೇ."

ತಂಗಿ ಹಾಳೆಯನ್ನು ಮಡಿಸಿದಳು. ತಪ್ಪೆಂದು ಗೊತ್ತಿದ್ದೂ ಒಂದು ಸಾಲನ್ನು ಅವಳು ಈವರೆಗೆ ಹೊರಗೆ ಬಿಟ್ಟಿರಲಿಲ್ಲ. ಅದು ಅಣ್ಣನೇ ಕಲಿಸಿದ್ದು. ಮುಚ್ಚಿದ ಬಚ್ಚಲ ಬಾಗಿಲ ಹಿಂದೆ ಅವನು ಕೆಮ್ಮುತ್ತಿದ್ದ.

ಸ್ಟುಡಿಯೋದಲ್ಲಿ ಅಣ್ಣ ಕೇಳಿದ ಮೊದಲ ಮಾತು: "ನಗರ ಮುಗೀತಾ? ಎಲ್ಲ ಸರಿ ಇದೆಯಾ?"

"ಮುಗೀತು ಅಣ್ಣ. ಎಲ್ಲ ಸರಿ ಇದೆ."

ಅತ್ತಿಗೆ ಅವಳ ಮುಖ ನೋಡದೆ ಗಾಜಿನ ಕೋಣೆಯೊಳಗೆ ಹೋಗಿ ಗಂಡನ ಎದುರು ಕುರ್ಚಿ ಎಳೆದುಕೊಂಡಳು. ಕಿವಿ ಸಿದ್ಧಪಡಿಸಿದ್ದ ವಾಕ್ಯಗಳನ್ನು ಅಣ್ಣ ಓದತೊಡಗಿದ. "ನನಗೆ ನೀರು ಬೇಕು. ಇವತ್ತು ಬೇಗ ಮಲಗೋಣ."

"ನಿಲ್ಲಿಸ್ರೀ," ಎಂದಳು ಅತ್ತಿಗೆ. "ಇದು ಪ್ರವಾಸಿಗರ ದನಿ. ನಮ್ಮನೇಲಿ ಯಾರೂ ಪ್ರವಾಸಿಗರಿಲ್ಲ."

"ಮತ್ತೇನು ಓದ್ಲಿ?"

"ಓದಬೇಡಿ. ಆ ಹಜಾರದ ಕಿಟಕಿ ಚಿಲಕ ಎಷ್ಟು ತಿಂಗಳಿಂದ ಕಿತ್ತು ಬಂದಿದೆ? ಹೇಳಿ."

"ಲೇ, ಇಲ್ಲೂ ಅದೇನಾ?"

"ಇಲ್ಲೂ ಅದೇ. ಇಸ್ತಾಂಬುಲ್‌ನಲ್ಲಿ ಯಾವ ಬಾಗಿಲಿಗೆ ಎಷ್ಟು ಚಿಲಕ ಅಂತ ಗೊತ್ತು ನಿಮಗೆ, ಮನೇದು ಗೊತ್ತಿಲ್ಲ."

ಅಣ್ಣ ನಕ್ಕ. ನಗು ಕೆಮ್ಮಾಯಿತು. ಕಿವಿ ಅದನ್ನು ಕತ್ತರಿಸಲಿಲ್ಲ. ಆಮೇಲೆ ಅಣ್ಣ ಚಿಲಕದ ಬಗ್ಗೆ, ಮಾವನ ಮದುವೆಯಲ್ಲಿ ಕಳೆದ ಕೊಡೆಯ ಬಗ್ಗೆ, ತನಗೆ ಹೇಳದೆ ಮಂಚ ಸರಿಸಿದ್ದರ ಬಗ್ಗೆ ವಾದ ಮಾಡಿದ. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇದು ಅಷ್ಟು ದೂರ ಹೋಗಲಿಲ್ಲ. "ಇವಳೇ, ಆ ಕಿಟಕಿ ಮುಚ್ಚಬೇಡ, ಗಾಳಿ..." ಎಂಬಲ್ಲಿಗೆ ದನಿ ನಿಂತಿತು. ತುಟಿ ಆಡುತ್ತಿತ್ತು. ಅತ್ತಿಗೆ ಅವನ ಕೈ ಹಿಡಿದುಕೊಂಡು ಗಾಜಿನಾಚೆ ಕೂತಿದ್ದ ಕಿವಿಯತ್ತ ನೋಡಿ, ಸಾಕಾ ಎಂದು ಕಣ್ಣಲ್ಲೇ ಕೇಳಿದಳು. ಸಾಕು ಎಂದು ಕಿವಿ ತಲೆಯಾಡಿಸಿದ.

ಅವರಿಬ್ಬರೂ ಮನೆಗೆ ಹೋದ ಮೇಲೆ ತಂಗಿ ಹಾಳೆಯನ್ನು ಕಿವಿಯ ಮುಂದಿಟ್ಟಳು. ಅವನು ಓದಿ, ಹಳೆಯ ನಗರಗಳಿಂದ ತುಣುಕು ಹೆಕ್ಕಿ ಜೋಡಿಸಬಹುದೇ ಎಂದು ಒಂದಷ್ಟು ಹೊತ್ತು ಹುಡುಕಿದ. "ಆಗೋದಿಲ್ಲ. ಪುಟ ಪೂರ್ತಿ ಬದಲಾಗಬೇಕು. ಅಲ್ಲದೆ ಹಳೇ ಕಂಠ ಗಟ್ಟಿ, ಇದು ಒಡೆದದ್ದು. ಮಧ್ಯೆ ಬೇರೆ ಯಾರೋ ನುಗ್ಗಿ ಮಾತಾಡಿದ ಹಾಗೆ ಕೇಳುತ್ತೆ."

"ಹಾಗಾದ್ರೆ ಬೇರೆಯವರೇ ಮಾತಾಡ್ಲಿ," ಎಂದು ತಂಗಿ ಗಾಜಿನ ಹಿಂದೆ ಹೋಗಿ ಕೂತಳು.

"ಒಂದು ನಗರಕ್ಕೆ ಒಂದೇ ದನಿ ಅಂತ ಕಂಚಣ್ಣ—"

"ಗೊತ್ತು. ಕೆಂಪು ದೀಪ ಹಾಕು."

ಕುರ್ಚಿ ಅಣ್ಣನ ಎತ್ತರಕ್ಕಿತ್ತು. ಅವಳ ಕಾಲು ನೆಲಕ್ಕೆ ತಾಗಲಿಲ್ಲ. ಒಣಗಿದ ಬಾಯಲ್ಲಿ, ಏರಿಳಿತವಿಲ್ಲದೆ ಓದಿದಳು. "ಈ ಪುಟವನ್ನು ಬೇರೆ ದನಿಯಲ್ಲಿ ಕೇಳುತ್ತಿದ್ದೀರಿ. ನದಿ ನಿಮ್ಮ ಬಲಕ್ಕಿದೆ. ಬಲಕ್ಕೆ ತಿರುಗಿ, ಹಳೆಯ ನಗರ ಗೋಡೆಗೆ ಒತ್ತಿಕೊಂಡಿರುವ ಮೆಟ್ಟಿಲು ಇಳಿಯಿರಿ. ಭೂಕಂಪದಲ್ಲಿ ನಗರದ ಬಹುಭಾಗ ಬಿದ್ದರೂ ಈ ಇಳಿಜಾರಿನ ಓಣಿಗಳು ಹೆಚ್ಚುಕಡಿಮೆ ಉಳಿದುಕೊಂಡವು." ಮೂರನೆಯ ಸಲಕ್ಕೆ ಕಿವಿ ಒಪ್ಪಿದ. ಪುಟದ ಕೊನೆಗೆ ಅಣ್ಣನ ದನಿ ಮತ್ತೆ ಶುರುವಾಗುತ್ತಿತ್ತು.

ಗುರುವಾರ ಶಸ್ತ್ರಚಿಕಿತ್ಸೆ ನಡೆಯಿತು. ಮುಂದಿನ ವಾರ ಅಣ್ಣ ಆಸ್ಪತ್ರೆಯ ಹಾಸಿಗೆಯಲ್ಲಿ ಒರಗಿ ಕೂತು ಲಿಸ್ಬನ್ ಕೇಳಿಸು ಎಂದು ಸನ್ನೆ ಮಾಡಿದ. ತಂಗಿ ಕೇಳಿಸಿದಳು. ಮೊದಲಿನಿಂದ ಕೇಳಿದ, ಕಣ್ಣು ಮುಚ್ಚಿ, ಹಜಾರದಲ್ಲಿ ನಡೆಯುವಾಗ ಮುಚ್ಚುತ್ತಿದ್ದಂತೆ. ಅವಳ ದನಿ ಬಂದಾಗ ಕಣ್ಣು ತೆರೆದ. ಪುಟ ಮುಗಿಯುವವರೆಗೆ ಅವಳನ್ನೇ ನೋಡಿದ. ಆಮೇಲೆ ಸ್ಲೇಟು ತೆಗೆದುಕೊಂಡು ಬರೆದ: ಮಂಚವಾ?

ಅವಳು ತಲೆ ತಗ್ಗಿಸಿ ಹೌದೆಂದಳು. "ನಿನಗೆ ಹೇಳಬೇಕಾಗಿತ್ತು ಅಣ್ಣ. ಬುಧವಾರ ಹೋಗಿಬಿಡ್ತಿತ್ತು."

ಅವನು ಅಳಿಸಿ, ಮತ್ತೆ ಬರೆದ: ಎರಡನೇ ವಾಕ್ಯದಲ್ಲಿ ಉಸಿರು ತಪ್ಪು ಜಾಗದಲ್ಲಿ ಎಳೆದಿದ್ದೀಯ.

ಅತ್ತಿಗೆ ಸ್ಲೇಟು ಓದಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುವೋ ಅಳುವೋ ತಂಗಿಗೆ ತಿಳಿಯಲಿಲ್ಲ.

ಮಾಲಿಕೆ ಹಾಗೆಯೇ ಬಿಡುಗಡೆಯಾಯಿತು. ನಡುವೆ ಹೆಂಗಸಿನ ದನಿ ಏಕೆ ಎಂದು ಕೆಲವರು ದೂರು ಬರೆದರು. ದಾರಿ ತಪ್ಪಿತೆಂದು ಯಾರೂ ಬರೆಯಲಿಲ್ಲ.

ಮರುವರ್ಷ ಏಪ್ರಿಲ್‌ನಲ್ಲಿ ಮೂವರೂ ಲಿಸ್ಬನ್‌ಗೆ ಹೋದರು. ಟಿಕೆಟ್ ತೆಗೆಯಲು ಹೇಳಿದವನು ಅಣ್ಣನೇ. ಧ್ವನಿ ಮಾರ್ಗದರ್ಶಿ ಕೇಳುತ್ತಾ ಹಳದಿ ಟ್ರಾಮ್‌ನ ಹಳಿ ಹಿಡಿದು ದೊಡ್ಡ ಚರ್ಚಿನಿಂದ ಮೇಲಕ್ಕೆ ನಡೆದರು. ನೀಲಿ ಟೈಲುಗಳ ಚೌಕದ ಚಿತ್ರದ ಮುಂದೆ ಅವನು ನಿಂತದ್ದು, ಅವನದೇ ಮುದ್ರಿತ ದನಿ ನಿಲ್ಲಲು ಹೇಳಿದ್ದಕ್ಕಿಂತ ಹೆಚ್ಚು ಹೊತ್ತು. ತಂಗಿಯ ದನಿ ಬಂತು. ಅವನು ಬಲಕ್ಕೆ ತಿರುಗಿ, ಮೆಟ್ಟಿಲ ಮೇಲೆ ನಿಂತು ಫೋನಿನಲ್ಲಿ ಏನೋ ಒತ್ತಿದ.

"ಲೇ, ಇವಳೇ, ನೋಡ್ಕೊಂಡು ಇಳಿ," ಎಂದಿತು ಫೋನು, ಒಡೆದ ಕಂಚಿನ ದನಿಯಲ್ಲಿ.

ಅತ್ತಿಗೆ ಕಂಬಿ ಹಿಡಿದು ಇಳಿದಳು.