ಏಳು ಗಂಟೆಯ ಕರೆಂಟು

೧೯೮೩ರ ಮಾರ್ಚ್ ೧೨, ಶನಿವಾರ ಬೆಳಿಗ್ಗೆ ಹತ್ತೂಕಾಲಕ್ಕೆ, ತೀರ್ಥಹಳ್ಳಿಯ ಕ್ಯಾಸೆಟ್ ಕಂಪನಿಯೊಂದರ ಆಫೀಸಿನಲ್ಲಿ, 'ಹಿನ್ನೀರು' ತಂಡದ ಎರಡನೆಯ ಆಲ್ಬಂ ಕೆಟ್ಟಿದೆ ಎಂದು ಗೊತ್ತಾಯಿತು.

ಟೇಪಿನ ಸ್ಪೂಲ್ ತಿರುಗಿದಾಗ ಹೊರಬಂದದ್ದು ತಂಡದ ಹಾಡುಗಾರ್ತಿ, ಇಪ್ಪತ್ಮೂರು ವರ್ಷದ ಜಲಜಳ ದಪ್ಪ ದನಿಯಲ್ಲ, ಯಾವುದೋ ಚಿಕ್ಕ ಹುಡುಗಿಯ ದನಿ. ಡ್ರಮ್ಮು ಓಡುತ್ತಿತ್ತು. ಗಿಟಾರು ಕೀರಲು ದನಿಯಲ್ಲಿ ಅದರ ಬೆನ್ನು ಹತ್ತಿತ್ತು.

"ಹಾಡಿದ್ದು ಇವರೋ, ಅಂಗನವಾಡಿ ಮಕ್ಕಳೋ?" ಎಂದರು ಕಂಪನಿಯ ಮಾಲೀಕ ಚಂದ್ರಯ್ಯ.

ಜಲಜ ಪಕ್ಕದಲ್ಲಿ ಕೂತಿದ್ದ ವಾಸಪ್ಪನನ್ನು ನೋಡಿದಳು. ವಾಸಪ್ಪ ಕೈಗಡಿಯಾರ ನೋಡುತ್ತಿದ್ದ. ಸಾಗರದಲ್ಲಿ ರೇಡಿಯೊ ರಿಪೇರಿ ಮಾಡುವವನು. ತಂಡದಲ್ಲಿ ಗಿಟಾರೂ ಅವನದೇ, ರೆಕಾರ್ಡಿಂಗೂ ಅವನದೇ. ಆ ಹಾಡು ನಾಲ್ಕೂವರೆ ನಿಮಿಷ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದ. ಇಲ್ಲಿ ಸರಿಯಾಗಿ ನಾಲ್ಕು ನಿಮಿಷಕ್ಕೆ ಮುಗಿಯಿತು.

ಎಡವಿದ್ದೆಲ್ಲಿ ಎಂಬುದು ಅವನಿಗೆ ಅಲ್ಲೇ ಹೊಳೆಯಿತು. ಹಗಲು ತಂಡದ ಮೂವರಿಗೂ ಕೆಲಸ. ಒಂಬತ್ತು ಹಾಡುಗಳನ್ನೂ ಸಾಗರದ ಹೊರಗಿನ ಲಾರಿ ಗ್ಯಾರೇಜಿನಲ್ಲಿ ಸಂಜೆ ಏಳರ ಮೇಲೆ ಹಿಡಿದಿದ್ದರು. ಆ ಹೊತ್ತಿಗೆ ಮನೆಮನೆಯ ದೀಪ, ತೋಟದ ಪಂಪ್‌ಸೆಟ್ಟು ಎಲ್ಲ ಒಟ್ಟಿಗೆ ಎಳೆದು ವೋಲ್ಟೇಜು ನೂರೈವತ್ತಕ್ಕೆ ಇಳಿಯುತ್ತದೆ, ರೆಕಾರ್ಡಿಂಗ್ ಮೆಷಿನ್ನಿನ ಮೋಟಾರು ನಿಧಾನವಾಗುತ್ತದೆ. ನಿಧಾನ ತಿರುಗುವ ಟೇಪಿನಲ್ಲಿ ಹಿಡಿದ ಹಾಡು ಒಳ್ಳೆಯ ಕರೆಂಟಿನಲ್ಲಿ ಹಾಕಿದರೆ ಓಡುತ್ತದೆ. ಗ್ಯಾರೇಜಿನಲ್ಲಿ ಹಾಕಿ ಕೇಳಿದ್ದೂ ಸಂಜೆಯೇ. ಹಾಗಾಗಿ ವ್ಯತ್ಯಾಸ ಯಾರ ಕಿವಿಗೂ ಬಿದ್ದಿರಲಿಲ್ಲ.

"ಅಗ್ರಿಮೆಂಟು ನೆನಪಿದೆಯಲ್ಲ ವಾಸಪ್ಪನೋರೇ? ಟೇಪು ಸರಿ ಇಲ್ದಿದ್ರೆ ಬೆಂಗಳೂರಲ್ಲಿ ನಾವು ಮಾಡಿಸ್ತೀವಿ. ಜಲಜ ಅವರೊಬ್ಬರು ಬಂದು ಹಾಡಿದ್ರೆ ಸಾಕು, ವಾದ್ಯಕ್ಕೆ ನಮ್ಮ ಜನ ಇದ್ದಾರೆ. ಮುಂದಿನ ಶನಿವಾರ ಬಂದು ಹೇಳಿ."

ಮೊದಲ ಆಲ್ಬಂನಲ್ಲಿ ಆ 'ನಮ್ಮ ಜನ' ಏನು ಮಾಡಿದ್ದರೆಂದು ಇಬ್ಬರಿಗೂ ಗೊತ್ತಿತ್ತು. ಗಿಟಾರು ತೆಗೆದು ಕೊಳಲು ತುಂಬಿದ್ದರು, ಡ್ರಮ್ಮು ತೆಗೆದು ತಬಲ ಹಾಕಿದ್ದರು. ಕವರಿನ ಮೇಲೆ ನಂದಾದೀಪದ ಚಿತ್ರ ಇತ್ತು, ಮೂವರ ಹೆಸರು ಇರಲಿಲ್ಲ. ಎರಡನೆಯದನ್ನು ನಾವೇ ರೆಕಾರ್ಡ್ ಮಾಡಿ ಕೊಡುತ್ತೇವೆ ಎಂದು ವಾಸಪ್ಪ ಹಟ ಹಿಡಿದದ್ದು ಅದಕ್ಕೇ.

ಅವನ ಗಿಟಾರಿನ ಸದ್ದಿಗೆ ಊರಲ್ಲಿ ಹೋಲಿಕೆ ಇರಲಿಲ್ಲ. ರಿಪೇರಿಗೆ ಬಂದ ರೇಡಿಯೊಗಳ ಶಾರ್ಟ್‌ವೇವಿನಲ್ಲಿ ವಿದೇಶದ ರಾಕ್ ಸಂಗೀತ ಕೇಳಿ ಕಲಿತವನು. ದೂರದ ಸ್ಟೇಷನ್ನು ಅಲೆಯಲೆಯಾಗಿ ಏರಿ ಇಳಿಯುವುದನ್ನು, ಬಾರಿಸುವವರೇ ಬೇಕೆಂದು ಮಾಡುತ್ತಾರೆ ಎಂದುಕೊಂಡಿದ್ದ. ಅದು ಸಿಗ್ನಲ್ಲಿನ ದೋಷ ಎಂದು ತಿಳಿಯುವಷ್ಟರಲ್ಲಿ ಕೈಗೆ ಅದೇ ಅಭ್ಯಾಸವಾಗಿತ್ತು. ಹಳೆಯ ವಾಲ್ವ್ ರೇಡಿಯೊದ ಹಿಂಬದಿಗೆ ಗಿಟಾರಿನ ವೈರು ಬೆಸೆದು, ಸದ್ದನ್ನು ಒರಟಾಗಿ ಒಡೆಸಿ, ಕಿರುಬೆರಳಿನಲ್ಲಿ ವಾಲ್ಯೂಮು ತಿರುವಿ ಹಾಡು ಮುಳುಗಿ ಏಳುವಂತೆ ಮಾಡುತ್ತಿದ್ದ.

ಸಾಗರಕ್ಕೆ ಮರಳುವ ಬಸ್ಸು ಹೊಸನಗರ ದಾಟಿತು. ಆಮೇಲೆ, "ಹೋಗಿ ಹಾಡಿ ಬಾ ಜಲಜ. ತಪ್ಪು ನನ್ನದು. ನಿನ್ನ ದನಿಯಾದ್ರೂ ಉಳೀಲಿ," ಎಂದ ವಾಸಪ್ಪ.

"ತಪ್ಪು ನಿಂದೇ ವಾಸಣ್ಣ, ಇಲ್ಲ ಅಂದೋರ್ಯಾರು? ಹಾಡು ನಂದು. ಕೊಳಲಿನ ಜೊತೆ ಹಾಡೋದಾದ್ರೆ ಮದುವೆ ಮನೇಲಿ ಆರತಿ ಹಾಡು ಹೇಳ್ತಿದ್ದೆ. ನಾನು ಹೋಗಲ್ಲ."

ಗ್ಯಾರೇಜಿನಲ್ಲಿ ಕನ್ನಪ್ಪ ಕಾಯುತ್ತಿದ್ದ. ಹೊಸನಗರದ ಲಾರಿ ಡ್ರೈವರ್. ತಂಡದ ಡ್ರಮ್ಮು ಅವನದು, ಅದರಲ್ಲಿ ಅರ್ಧದಷ್ಟು ಖಾಲಿ ಡೀಸೆಲ್ ಪೀಪಾಯಿ. ನಡೆದದ್ದನ್ನೆಲ್ಲ ಕೇಳಿ ವಾಸಪ್ಪನ ಕಡೆ ತಿರುಗಿದ.

"ಎಂತ ಮಾರಾಯ, ಊರಿನ ರೇಡಿಯೊ ಎಲ್ಲ ರಿಪೇರಿ ಮಾಡ್ತೀಯ, ನಿನ್ನ ಮೆಷಿನ್ನಿಗೆ ಎಷ್ಟು ಕರೆಂಟು ಬರ್ತದೆ ಅಂತ ನೋಡ್ಲಿಲ್ವಾ?"

"ನೋಡ್ಲಿಲ್ಲ."

"ನಮ್ಮ ಲಾರಿ ಕ್ಲೀನರೂ ಟಯರಿನ ಗಾಳಿ ನೋಡ್ತಾನೆ."

"ಸಾಕು ಬಿಡು ಕನ್ನಪ್ಪಣ್ಣ," ಎಂದಳು ಜಲಜ. "ಅದನ್ನ ಇನ್ನೊಂದ್ಸಲ ಹಾಕು ವಾಸಣ್ಣ. ಎಷ್ಟು ಕೆಟ್ಟಿದೆ ಅಂತ ಇವನೂ ಕೇಳ್ಲಿ."

ಗಂಟೆ ಏಳೂ ಹತ್ತು. ಬಲ್ಬು ಕೆಂಪು ತಂತಿಯಾಗಿತ್ತು. ವಾಸಪ್ಪ ಸ್ಪೂಲ್ ಹಾಕಿದ. ಜಲಜ ಹಾರ್ಮೋನಿಯಂನಲ್ಲಿ ತನ್ನ ಶ್ರುತಿ, ಮೊದಲನೆಯ ಕಪ್ಪು ಮನೆ, ಒತ್ತಿ ಹಿಡಿದಳು. ಟೇಪಿನ ದನಿ ಅದರ ಮೇಲೆ ಕೂದಲೆಳೆಯೂ ಆಚೀಚೆ ಆಗದೆ ಕೂತಿತು.

"ಸರಿಯಾಗೇ ಉಂಟಲ್ಲ!" ಎಂದ ಕನ್ನಪ್ಪ.

ವಾಸಪ್ಪ ಎದ್ದು ನಿಂತ. ಟೇಪು ಕೆಟ್ಟಿರಲಿಲ್ಲ. ಈ ಗ್ಯಾರೇಜಿನಲ್ಲಿ ಈ ಹೊತ್ತಿಗೆ ಅದು ಸರಿ. ಸ್ಪೂಲನ್ನು ಈ ಕರೆಂಟಿನಲ್ಲೇ ಓಡಿಸಿ, ಸೆಲ್ಲಿನಲ್ಲಿ ನಡೆಯುವ ಕ್ಯಾಸೆಟ್ ರೆಕಾರ್ಡರಿಗೆ ಇಳಿಸಿಕೊಂಡರೆ ಆಯಿತು; ಸೆಲ್ಲಿಗೆ ಪಂಪ್‌ಸೆಟ್ಟಿನ ಹಂಗಿಲ್ಲ. ಅಂಗಡಿಗೆ ಓಡಿ ರಿಪೇರಿ ಮುಗಿದಿದ್ದ ಒಂದನ್ನು ತಂದು ಆ ಸಂಜೆಯೇ ಇಳಿಸಿಕೊಂಡ. ಮರುದಿನ ಬೆಳಿಗ್ಗೆ ಕ್ಯಾಸೆಟ್ಟಿನಲ್ಲಿ ಆ ಹಾಡನ್ನೇ ಹಾಕಿ ನೋಡಿದ: ನಾಲ್ಕು ನಿಮಿಷ ಇಪ್ಪತ್ತೊಂಬತ್ತು ಸೆಕೆಂಡು.

ಹತ್ತೊಂಬತ್ತನೆಯ ತಾರೀಕು ಮೂವರೂ ತೀರ್ಥಹಳ್ಳಿಗೆ ಹೋದರು. ಚಂದ್ರಯ್ಯ ಎರಡು ಹಾಡು ಪೂರ್ತಿ ಕೇಳಿದರು. "ಸ್ಪೀಡು ಸರಿ ಹೋಯ್ತು, ಒಪ್ಪಿದೆ. ಆದ್ರೆ ಈ ಗಿಟಾರು? ರೈಸ್‌ಮಿಲ್ಲು ತಿರುಗಿದ ಹಾಗಿದೆ. ಇದನ್ನ ತೆಗೀಲೇಬೇಕು."

"ಟೇಪು ಸರಿ ಇದ್ರೆ ಇದ್ದ ಹಾಗೇ ಹಾಕ್ತೀವಿ ಅಂತ ಅಗ್ರಿಮೆಂಟಲ್ಲಿ ಬರ್ದಿದೀರಿ," ಎಂದ ವಾಸಪ್ಪ.

"ಬರ್ದಿರಬಹುದು. ಹಾಕಲ್ಲ. ಏನು ಮಾಡ್ತೀರಿ?"

"ಹಾಗಾದ್ರೆ ಮುರಿದವರು ನೀವು. ಹರೀರಿ ಅದನ್ನ."

"ಯೋಚನೆ ಮಾಡಿ. ನಾನು ಬಿಟ್ರೆ ಈ ಸೀಮೇಲಿ ನಿಮ್ಮನ್ನ ಯಾರು ಮುಟ್ತಾರೆ?"

ಚಂದ್ರಯ್ಯನವರ ಮಾತು ಸುಳ್ಳಾಗಿರಲಿಲ್ಲ. ವಾಸಪ್ಪ ಕ್ಯಾಸೆಟ್ಟನ್ನು ಪ್ಲೇಯರಿನಿಂದ ತಾನೇ ತೆಗೆದು ಜೇಬಿಗೆ ಹಾಕಿಕೊಂಡ.

"ಯಾರೂ ಮುಟ್ಟೋದು ಬೇಡ. ನಾವೇ ಮಾಡ್ತೀವಿ."

ಕನ್ನಪ್ಪ ಬಾಗಿಲಲ್ಲಿ ತಿರುಗಿ ನಿಂತ. "ರೈಸ್‌ಮಿಲ್ಲು ಅಂದ್ರಲ್ಲ ಅಯ್ಯನೋರೇ, ಅದು ಗಿಟಾರಲ್ಲ. ನನ್ನ ಪೀಪಾಯಿ."

ಏಪ್ರಿಲ್ ಒಂದರಿಂದ ಸಂಜೆಗೆ ಎರಡು ಕ್ಯಾಸೆಟ್ಟಿನಂತೆ ಇಳಿಸತೊಡಗಿದರು. ಒಂದು ಕ್ಯಾಸೆಟ್ಟಿಗೆ ನಲವತ್ತೆರಡು ನಿಮಿಷ. ಕವರಿನ ಮೇಲೆ ಜಲಜ ಮೂರು ಹೆಸರನ್ನೂ ಕೈಯಲ್ಲೇ ಬರೆದಳು.

ಮೊದಲ ಎಂಟು ಕ್ಯಾಸೆಟ್ಟುಗಳನ್ನು ಕನ್ನಪ್ಪ ಐದನೆಯ ತಾರೀಕು ಲಾರಿಯಲ್ಲಿ ಹೊಸನಗರಕ್ಕೆ ಒಯ್ದ. ಅಲ್ಲಿಯ ಒಂದು ಕ್ಯಾಂಟೀನಿನಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಒಂದನ್ನು ಹಾಕಿದರು. ಮೂರನೆಯ ಹಾಡಿಗೆ ಊಟಕ್ಕೆ ಕೂತವರು ಯಾರೋ ಸಾಕೆಂದು ಹೇಳಿ ನಿಲ್ಲಿಸಿದರು. ಕನ್ನಪ್ಪ ಎಂಜಲು ಕೈಯಲ್ಲೇ ಎದ್ದು ಹೋಗಿ, ಮೊದಲನೆಯ ಹಾಡಿನಿಂದ ಮತ್ತೆ ಹಾಕಿಸಿದ.